ಒಂದೇ ಮಾದರಿಯ ಪೋಲೊ, ನಾಲ್ಕು ಬಗೆಯ ಸಸ್ಪೆನ್ಷನ್: ಬೆಂಗಳೂರಿನ ರಸ್ತೆಯಲ್ಲಿ ಓಡಿಸಿ ಕಂಡದ್ದು

ಕಾರಿನ ಮೈಯನ್ನು ನೆಲಕ್ಕೆ ಹತ್ತಿರವಾಗುವಂತೆ ಇಳಿಸಿದರೆ ತಿರುವಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ ಎಂಬ ಮಾತನ್ನು ಬೆಂಗಳೂರಿನ ಗ್ಯಾರೇಜುಗಳಲ್ಲಿ ದಿನವೂ ಕೇಳಬಹುದು. ಅದು ಅರ್ಧ ನಿಜ. ಎಷ್ಟು ಇಳಿಸಿದಿರಿ, ಯಾವುದರಿಂದ ಇಳಿಸಿದಿರಿ ಎಂಬುದರ ಮೇಲೆ ಉಳಿದರ್ಧ ನಿಂತಿದೆ. ನನ್ನದೂ ಸೇರಿ ನಮ್ಮ ಗೆಳೆಯರ ಬಳಗದಲ್ಲಿ ನಾಲ್ಕು ಫೋಕ್ಸ್‌ವ್ಯಾಗನ್ ಪೋಲೊಗಳಿವೆ, ನಾಲ್ಕರದೂ ಬೇರೆ ಬೇರೆ ಸಸ್ಪೆನ್ಷನ್, ಅಂದರೆ ಕಾರಿನ ಮೈಯನ್ನು ಚಕ್ರಗಳ ಮೇಲೆ ಹೊರುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರುಗಳ ಜೋಡಣೆ. ಟೈರಿನ ಅಳತೆಯನ್ನೂ ಗಾಳಿಯನ್ನೂ ಒಂದೇ ಇಟ್ಟುಕೊಂಡು ನೈಸ್ ರಸ್ತೆಯಿಂದ ಇಳಿಯುವ ಕ್ಲೋವರ್‌ಲೀಫ್ ಸುತ್ತು, ನಂದಿ ಬೆಟ್ಟದ ಹೇರ್‌ಪಿನ್ ತಿರುವುಗಳು, ನಮ್ಮ ಬಡಾವಣೆಯ ಹಂಪುಗಳು ಎಲ್ಲದರ ಮೇಲೂ ಓಡಿಸಿ ನೋಡಿದ್ದೇನೆ.

ಕಂಪನಿಯಿಂದ ಬಂದಂತೆಯೇ ಇರುವ ಕಾರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಾಲುತ್ತದೆ, ಸ್ಟೇರಿಂಗ್ ತಿರುಗಿಸಿದ ಮೇಲೆ ಮೈ ಹೊಂದಿಸಿಕೊಳ್ಳಲು ಒಂದು ಕ್ಷಣ ತೆಗೆದುಕೊಳ್ಳುತ್ತದೆ. ಆದರೆ ವಾಲುವುದೆಂದರೆ ಹಿಡಿತ ತಪ್ಪುವುದಲ್ಲ. ತಿರುವಿನ ನಡುವೆ ಹಳ್ಳ ಸಿಕ್ಕಾಗ ಚಕ್ರವನ್ನು ನೆಲಕ್ಕೆ ಅಂಟಿಸಿಕೊಂಡು ಹೋಗುವುದರಲ್ಲಿ ನಾಲ್ಕರಲ್ಲಿ ಇದೇ ಮೇಲು.

ಎರಡನೆಯದು ಸ್ಪ್ರಿಂಗ್ ಕತ್ತರಿಸಿ ಇಳಿಸಿದ ಕಾರು. ಟೈರಿಗೂ ಫೆಂಡರಿಗೂ ನಡುವೆ ಒಂದು ಬೆರಳು ಮಾತ್ರ ತೂರುತ್ತದೆ, ನೋಡುವುದಕ್ಕೆ ಚೆಂದ. ಐದು ಸುರುಳಿಯ ಸ್ಪ್ರಿಂಗಿನಲ್ಲಿ ಒಂದನ್ನು ತೆಗೆದರೆ ಉಳಿದದ್ದು ಶೇ. 25ರಷ್ಟು ಬಿಗಿಯಾಗುತ್ತದೆ, ಅದರ ಕುಣಿತವನ್ನು ತಡೆಯುವ ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯದೇ. ಫ್ಲೈಓವರಿನ ಪ್ರತಿ ಜೋಡಣೆಯನ್ನು ದಾಟಿದ ಮೇಲೂ ಕಾರು ಕುಣಿಯುತ್ತಲೇ ಇರುತ್ತದೆ. ಕ್ಲೋವರ್‌ಲೀಫ್ ಸುತ್ತಿನಲ್ಲಿ ಇದರ ನಿಜರೂಪ ಗೊತ್ತಾಯಿತು. ಹೊರಗಿನ ಮುಂಚಕ್ರಕ್ಕೆ ಮೇಲೇರಲು ಜಾಗವೇ ಉಳಿಯದೆ ಬಂಪ್ ಸ್ಟಾಪ್, ಅಂದರೆ ಕೊನೆಯ ತಡೆಯಾಗಿರುವ ರಬ್ಬರ್ ತುಂಡು, ತಾಗುತ್ತದೆ. ಆ ಗಳಿಗೆಯಲ್ಲಿ ಆ ಮೂಲೆ ಒಮ್ಮೆಲೇ ಕಲ್ಲಿನಷ್ಟು ಗಡಸಾಗಿ ಮುಂಭಾಗ ಹೊರಕ್ಕೆ ಜಾರತೊಡಗುತ್ತದೆ. ಗ್ಯಾಸ್ ಕಟರಿನಲ್ಲಿ ಕತ್ತರಿಸಿದ್ದರೆ ಉಕ್ಕಿನ ಹದವೂ ಕೆಟ್ಟಿರುತ್ತದೆ. ಈ ದಾರಿ ಯಾರಿಗೂ ಬೇಡ.

ಬಂಪ್ ಸ್ಟಾಪ್ ಒಂದೇ ಕಾರಣವಲ್ಲ. ಪೋಲೊದ ಮುಂದಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್: ಸ್ಪ್ರಿಂಗ್, ಶಾಕ್ ಸೇರಿದ ಒಂದೇ ಕಂಬ, ಕೆಳಗೆ ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಲೋವರ್ ಆರ್ಮ್. ಕಾರು ಇಳಿದಂತೆ ಲೋವರ್ ಆರ್ಮಿನ ಚಕ್ರದ ಕಡೆಯ ತುದಿ ಮೇಲೇರುತ್ತದೆ. ಅದು ಒಳತುದಿಗಿಂತ ಸಾಕಷ್ಟು ಮೇಲಾಯಿತೆಂದರೆ, ಸ್ಪ್ರಿಂಗ್ ಕುಗ್ಗಿದಂತೆಲ್ಲ ಹೊರಗಿನ ಚಕ್ರದ ಮೇಲ್ತುದಿ ಒಳಕ್ಕೆ ಓರೆಯಾಗುವ ಬದಲು ಹೊರಕ್ಕೆ ಓರೆಯಾಗಿ ಚಕ್ರ ಟೈರಿನ ಅಂಚಿನ ಮೇಲೆ ನಿಲ್ಲುತ್ತದೆ. ಜೊತೆಗೆ ರೋಲ್ ಸೆಂಟರ್, ಅಂದರೆ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು, ಗುರುತ್ವ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಇವೆರಡರ ನಡುವಿನ ಅಂತರವೇ ಕಾರನ್ನು ವಾಲಿಸುವ ಸನ್ನೆಗೋಲು, ಅದು ಉದ್ದವಾಗುತ್ತದೆ. ತೀರಾ ಇಳಿಸಿದ ಕಾರು ಸ್ಪ್ರಿಂಗಿನ ಬಿಗಿಯಿಂದಷ್ಟೇ ನೇರ ನಿಂತಿರುತ್ತದೆ. ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಅಡ್ಡತೊಲೆಯಾದ ಟಾರ್ಷನ್ ಬೀಮಿಗೆ ಈ ತೊಂದರೆ ಅಷ್ಟಿಲ್ಲ. ಹಾಗಾಗಿ ಹಿಂದಿನ ಹಿಡಿತ ಉಳಿದು ಮುಂದಿನದು ಮಾತ್ರ ಕಡಿಮೆಯಾಗುತ್ತದೆ.

ನನ್ನ ಕಾರಿನಲ್ಲಿರುವುದು 25 ಮಿ.ಮೀ. ಇಳಿಸುವ ಲೋವರಿಂಗ್ ಸ್ಪ್ರಿಂಗ್, ಅದಕ್ಕೆ ಹೊಂದುವ ಬಿಗಿ ಶಾಕ್ ಅಬ್ಸಾರ್ಬರ್. ಹ್ಯಾಚ್‌ಬ್ಯಾಕಿನ ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರಿಗಿಂತ ತುಸು ಮೇಲಿರುತ್ತದೆ. 25 ಮಿ.ಮೀ. ಇಳಿದರೆ ತಿರುವಿನಲ್ಲಿ ಹೊರಗಿನ ಚಕ್ರಗಳಿಗೆ ದಾಟುವ ಭಾರ ಶೇ. 5ರ ಆಸುಪಾಸಿನಲ್ಲಿ ಕಡಿಮೆಯಾಗುತ್ತದೆ, ಅಷ್ಟೆ. ಆದರೂ ನಂದಿಯ ತಿರುವುಗಳಲ್ಲಿ ಕಾರು ಬೇರೆಯೇ ಅನ್ನಿಸುತ್ತದೆ. ಎಡದಿಂದ ಬಲಕ್ಕೆ ತಿರುಗಿಸಿದಾಗ ಮೈ ತಡವರಿಸದೆ ಕೈಯ ಜೊತೆಗೇ ಬರುತ್ತದೆ. ಈ ಸೊಗಸಿನ ಹೆಚ್ಚಿನ ಪಾಲು ಶಾಕ್ ಅಬ್ಸಾರ್ಬರಿನದು ಎಂದು ಖಚಿತವಾಗಿ ಹೇಳಬಲ್ಲೆ. ಹೋಲಿಕೆಗೆಂದು ಇದೇ ಸ್ಪ್ರಿಂಗನ್ನು ಮೊದಲು ಹಳೆಯ ಶಾಕಿನ ಮೇಲೆ ಓಡಿಸಿದ್ದೆ, ಅರ್ಧದಷ್ಟೂ ಹಿತವಿರಲಿಲ್ಲ.

ನಾಲ್ಕನೆಯದು ಕಾಯಿಲೋವರ್, ಅಂದರೆ ಎತ್ತರವನ್ನು ಬೇಕಾದಂತೆ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ. ಗೆಳೆಯ ಮೊದಲು ಅದನ್ನು 50 ಮಿ.ಮೀ. ಇಳಿಸಿಟ್ಟಿದ್ದ. ಹಳ್ಳ ಸಿಕ್ಕಾಗಲೆಲ್ಲ ಸ್ಟೇರಿಂಗ್ ತಾನಾಗಿಯೇ ಎಳೆಯುತ್ತಿತ್ತು, ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡಿನ ಕೋನ ಕೆಟ್ಟದ್ದರ ಫಲ ಅದು. ಇಳಿತ 30 ಮಿ.ಮೀ. ಮಾತ್ರ ಉಳಿಯುವಂತೆ ಏರಿಸಿದ ಮೇಲೆ ಅದೇ ಕಾರು ನುಣುಪಾದ ರಸ್ತೆಯಲ್ಲಿ ನನ್ನದನ್ನು ಮೀರಿಸಿತು. ಕೊಯಮತ್ತೂರಿನ ಕಾರಿ ಟ್ರ್ಯಾಕಿಗೆ ಹೋಗಿಬರುವವರಿಗೆ ನಾನು ಇದನ್ನೇ ಹೇಳುತ್ತೇನೆ. ದಿನವೂ ನಗರದೊಳಗೆ ಓಡಿಸುವವರಿಗೆ ಇಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ನಮ್ಮ ಅಡ್ಡರಸ್ತೆಗಳ ಹಂಪುಗಳು ಒಂದು ಮಾರು ಅಗಲವೂ ಇರುವುದಿಲ್ಲ, ಗೋಡೆಯಂತೆ ಎದ್ದಿರುತ್ತವೆ. ಕಾಯಿಲೋವರ್ ಕಾರಿನಲ್ಲಿ ನಾಲ್ವರು ಕೂತರೆ ಇಂಜಿನ್ನಿನ ಅಡಿಯ ಚೇಂಬರ್ ಉಜ್ಜುವ ಸದ್ದು ಕೇಳಿಸುತ್ತದೆ. ನನ್ನ ಕಾರು ಓರೆಯಾಗಿ ಹತ್ತಿಸಿದರೆ ದಾಟುತ್ತದೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆರ್‌ಟಿಒ ಮತ್ತು ವಿಮೆಯವರನ್ನು ವಿಚಾರಿಸಿಯೇ ಮುಂದುವರಿಯಿರಿ. ಯಾವುದನ್ನೇ ಹಾಕಿಸಿದರೂ ಲೋವರ್ ಆರ್ಮಿನ ಬೋಲ್ಟುಗಳನ್ನು ಕಾರು ಜ್ಯಾಕಿನ ಮೇಲಿರುವಾಗ ಪೂರ್ತಿ ಬಿಗಿಸಲು ಬಿಡಬೇಡಿ. ಕಾರು ತನ್ನ ಭಾರದ ಮೇಲೆ ಹೊಸ ಎತ್ತರದಲ್ಲಿ ನಿಂತ ಮೇಲೆ ಬಿಗಿಸಬೇಕು, ಇಲ್ಲದಿದ್ದರೆ ಆ ಜೋಡಣೆಯಲ್ಲಿರುವ ರಬ್ಬರ್ ಬುಷ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ. ಅಲೈನ್‌ಮೆಂಟ್ ಮಾಡಿಸುವುದು, ಹೆಡ್‌ಲೈಟಿನ ದಿಕ್ಕು ಸರಿಪಡಿಸುವುದು ಅದಾದ ಮೇಲಿನ ಕೆಲಸ.