ಕೀ ಕಾರ್ಡ್ ಬೀಗ ಹಾಕಿಸಿ ನಾಲ್ಕು ವರ್ಷ: ನಮ್ಮ ಹೋಟೆಲಿನ ಅನುಭವ

ನಮ್ಮದು 42 ರೂಮಿನ ಹೋಟೆಲ್. ನಾಲ್ಕು ವರ್ಷದ ಹಿಂದೆ ಎಲ್ಲ ರೂಮಿನ ಹಳೇ ಬೀಗ ತೆಗೆಸಿ ಕಾರ್ಡ್ ಬೀಗ ಹಾಕಿಸಿದೆವು. ಯಾವ ಕಂಪನಿಯದು ಅಂತ ಹೇಳುವುದಿಲ್ಲ. ನಾನು ಬರೆಯುವ ಗುಣ ದೋಷ ಎರಡೂ ಬೇರೆ ಕಂಪನಿಯ ಬೀಗಗಳಲ್ಲೂ ಇರುವಂಥವೇ. ಹೊಸದಾಗಿ ಹಾಕಿಸಬೇಕು ಅಂತಿರುವವರಿಗೆ, ಮಾರಲು ಬಂದವರು ತಾವಾಗಿ ಹೇಳದ ಕೆಲವು ಸಂಗತಿ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಹಿತ್ತಾಳೆ ಬಿಲ್ಲೆ ಕಟ್ಟಿದ ಬೀಗದ ಕೈ ಇತ್ತು. ತಿಂಗಳಿಗೆ ಒಂದಾದರೂ ಗೆಸ್ಟ್ ಜೇಬಿನಲ್ಲೇ ಊರು ಸೇರುತ್ತಿತ್ತು. ಪ್ರತಿ ಸಲ ಬೀಗ ಬದಲಿಸಬೇಕು, ಬದಲಿಸದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ. ಅದಕ್ಕಿಂತ ದೊಡ್ಡ ಚಿಂತೆ, ಯಾರಾದರೂ ನಕಲಿ ಕೀ ಮಾಡಿಸಿಟ್ಟುಕೊಂಡಿದ್ದಾರಾ ಅಂತ. ತಿಳಿಯುವ ದಾರಿಯೇ ಇರಲಿಲ್ಲ. ಈ ತಲೆನೋವು ಹೊಸದಲ್ಲ. 1970ರ ದಶಕದಲ್ಲೇ ನಾರ್ವೆಯ ಟಾರ್ ಸೋರ್ನೆಸ್ ಎಂಬವರು ತೂತು ಕೊರೆದ ಪ್ಲಾಸ್ಟಿಕ್ ಕಾರ್ಡಿನಿಂದ ತೆರೆಯುವ ಬೀಗ ಮಾಡಿದರು. ಗೆಸ್ಟ್ ಬದಲಾದರೆ ತೂತುಗಳ ಜೋಡಣೆಯೂ ಬದಲು. ಈಗ ತೂತಿನ ಜಾಗಕ್ಕೆ ಚಿಪ್ ಬಂದಿದೆ, ಯೋಚನೆ ಅದೇ.

ಹುಡುಕಲು ಹೊರಟಾಗ ನಾಲ್ಕು ಬಗೆ ಎದುರಾದವು. ನಂಬರ್ ಒತ್ತುವುದು, ಬೆರಳಚ್ಚು, ಕಾರ್ಡ್, ಮೊಬೈಲ್. ನಂಬರಿನದು ರಿಸೆಪ್ಷನ್‌ನಲ್ಲಿ ಯಾರೂ ಕೂರದ ಸಣ್ಣ ಜಾಗಕ್ಕೆ ಸರಿ. ನಮ್ಮಲ್ಲಿ 24 ಗಂಟೆಯೂ ಜನ ಇರುತ್ತಾರೆ, ಅದರ ಅಗತ್ಯ ಇಲ್ಲ. ಅಲ್ಲದೆ ನಂಬರನ್ನು ಗೆಸ್ಟ್ ಫೋನಿನಲ್ಲಿ ಕೂಗಿ ಕೂಗಿ ಗೆಳೆಯನಿಗೆ ಹೇಳುವುದನ್ನು ನಾನೇ ಬೇರೆ ಕಡೆ ಕೇಳಿದ್ದೇನೆ. ಬೆರಳಚ್ಚನ್ನು ಮೊದಲೇ ಬಿಟ್ಟೆವು. ಒದ್ದೆ ಕೈಗೆ ತೆರೆಯುವುದಿಲ್ಲ. ಒಂದು ರಾತ್ರಿಗೆ ಬಂದವರ ಬೆರಳಚ್ಚು ನಮ್ಮ ಬಳಿ ಯಾಕಿರಬೇಕು, ಅಲ್ವಾ? ಉಳಿದದ್ದು ಕಾರ್ಡ್, ಜೊತೆಗೆ ಬೇಕಾದವರಿಗೆ ಮೊಬೈಲ್.

ಇಲ್ಲಿ ನಾವು ಒಂದು ತಪ್ಪು ಮಾಡಿದೆವು. ಸೇಲ್ಸ್‌ನವರು ಸೂಟ್‌ಕೇಸಿನಲ್ಲಿ ಒಂದು ಪುಟ್ಟ ಬಾಗಿಲು ತಂದಿದ್ದರು. ಕಾರ್ಡ್ ಹಿಡಿದರೆ ಹಸಿರು ಲೈಟು, ಟಕ್ ಅಂತ ಸದ್ದು. ಅದನ್ನು ನೋಡಿಯೇ ಮೆಚ್ಚಿಕೊಂಡೆವು. ತೆರೆಯುವುದನ್ನು ಎಲ್ಲ ಬೀಗವೂ ಚೆನ್ನಾಗಿಯೇ ಮಾಡುತ್ತದೆ. ತೆರೆಯದೇ ಹೋದಾಗ ಏನು ಮಾಡಬೇಕು ಅಂತ ನಾವು ಕೇಳಲೇ ಇಲ್ಲ.

ಎರಡನೇ ವರ್ಷ ಅದರ ಪಾಠ ಆಯಿತು. ರಾತ್ರಿ ಹನ್ನೊಂದೂವರೆ. ಹೆಗಲ ಮೇಲೆ ನಿದ್ದೆ ಹೋದ ಮಗು, ಎರಡು ಕೈಯಲ್ಲೂ ಬ್ಯಾಗು, ಹೀಗೆ ಒಂದು ಕುಟುಂಬ ಬಂತು. ರೂಮಿನ ಮುಂದೆ ನಿಂತು ಕಾರ್ಡ್ ಹಿಡಿದರೆ ಕೆಂಪು ಲೈಟು. ನಮ್ಮ ಹುಡುಗ ಕೆಳಗೆ ಓಡಿ ಹೊಸ ಕಾರ್ಡ್ ಮಾಡಿ ತಂದ. ಮತ್ತೆ ಕೆಂಪು. ಮೂರನೇ ಸಲವೂ ಅಷ್ಟೇ. ನನಗೆ ಫೋನು. "ಸಾರ್, ಮಾಸ್ಟರ್ ಕಾರ್ಡಿಗೂ ಕೆಂಪೇ ಬರ್ತಿದೆ." ಮಾಸ್ಟರ್ ಅಂದರೆ ಎಲ್ಲ ರೂಮೂ ತೆರೆಯುವ ಕಾರ್ಡ್. ಬೀಗದಲ್ಲಿ ಕಬ್ಬಿಣದ ಕೀ ಹಾಕುವ ಗುಪ್ತ ಜಾಗ ಇದೆ, ಆ ಕೀ ಮಾತ್ರ ನನ್ನ ಮನೆಯ ಬೀರುವಿನಲ್ಲಿತ್ತು. ಆವತ್ತು ನಾನು ಊರಲ್ಲೇ ಇರಲಿಲ್ಲ. ಕೊನೆಗೆ ಅವರಿಗೆ ಬೇರೆ ರೂಮು ಕೊಟ್ಟೆವು. ಒಂದು ರೂಮು ಖಾಲಿ ಇದ್ದದ್ದು ನಮ್ಮ ಪುಣ್ಯ.

ಮರುದಿನ ಕಾರಣ ಗೊತ್ತಾಯಿತು. ಬೀಗ ಕೆಟ್ಟಿರಲಿಲ್ಲ, ಅದರೊಳಗಿನ ಗಡಿಯಾರ ತಪ್ಪಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ತಿಳಿದರೆ ಅರ್ಧ ತೊಂದರೆ ತಾನಾಗಿ ಅರ್ಥವಾಗುತ್ತದೆ.

ನಮ್ಮಂಥ ಬೀಗಕ್ಕೂ ರಿಸೆಪ್ಷನ್ ಕಂಪ್ಯೂಟರಿಗೂ ವೈರಿನ ಸಂಬಂಧ ಇಲ್ಲ, ವೈಫೈ ಸಂಬಂಧವೂ ಇಲ್ಲ. ಅವೆರಡರ ನಡುವೆ ಓಡಾಡುವ ಪತ್ರವೇ ಕಾರ್ಡ್. ರೂಮು ಯಾವುದು, ಎಂದಿನಿಂದ ಎಂದಿನವರೆಗೆ, ಇದು ಎಷ್ಟನೇ ಗೆಸ್ಟಿನ ಕಾರ್ಡು ಅಂತ ಕಂಪ್ಯೂಟರಿಗೆ ಜೋಡಿಸಿದ ಎನ್‌ಕೋಡರ್ ಎಂಬ ಯಂತ್ರ ಅದರಲ್ಲಿ ಬರೆಯುತ್ತದೆ. ಬೀಗ ಓದಿ, ತನ್ನ ಗಡಿಯಾರದ ಜೊತೆ ಹೋಲಿಸಿ, ಸರಿಯಿದ್ದರೆ ತೆರೆಯುತ್ತದೆ. ಸೆಲ್ ಪೂರ್ತಿ ಸತ್ತು ಗಡಿಯಾರ ಹಿಂದಕ್ಕೆ ಹೋದರೆ ಸರಿಯಾದ ಕಾರ್ಡೂ ಅದಕ್ಕೆ ತಪ್ಪಾಗಿ ಕಾಣುತ್ತದೆ. ಆ ರೂಮಿನ ಸೆಲ್ ಹಿಂದಿನ ದಿನ ಬದಲಾಗಿತ್ತು. ಬದಲಿಸಿದವನು ಹಳೇ ಸೆಲ್ ತೆಗೆದು, ಹೊಸದು ತರಲು ಸ್ಟೋರಿಗೆ ಹೋಗಿ, ದಾರಿಯಲ್ಲಿ ಇನ್ನೊಂದು ಕೆಲಸ ಮುಗಿಸಿ ಬಂದಿದ್ದ. ಅಷ್ಟರಲ್ಲಿ ಗಡಿಯಾರ ಅಳಿಸಿಹೋಗಿತ್ತು. ಸಮಯ ಮತ್ತೆ ಹಾಕಲು ಕೈಯಲ್ಲಿ ಹಿಡಿಯುವ ಒಂದು ಯಂತ್ರ ಕೊಟ್ಟಿದ್ದರು. ಅದು ಡ್ರಾಯರಿನಲ್ಲಿ ಚಾರ್ಜ್ ಇಲ್ಲದೆ ಮಲಗಿತ್ತು.

ಈಗ ನಮ್ಮಲ್ಲಿ ನಿಯಮ ಹೀಗಿದೆ. ಸೆಲ್ ಬದಲಿಸಿದವರು ಅಲ್ಲೇ ನಿಂತು ಒಂದು ಗೆಸ್ಟ್ ಕಾರ್ಡ್ ಹಿಡಿದು ನೋಡಿಯೇ ಬರಬೇಕು. ಕಬ್ಬಿಣದ ಕೀ ರಾತ್ರಿ ಪಾಳಿಯವರ ಲಾಕರಿನಲ್ಲಿ, ಸೀಲ್ ಮಾಡಿದ ಕವರಿನಲ್ಲಿ. ಕವರ್ ಒಡೆದರೆ ಯಾಕೆ ಒಡೆದೆ ಅಂತ ಪುಸ್ತಕದಲ್ಲಿ ಬರೆಯಬೇಕು.

ಕಾರ್ಡೇ ಪತ್ರ ಎಂಬುದರ ಇನ್ನೊಂದು ಮುಖವೂ ಇದೆ. ಗೆಸ್ಟ್ ಕಾರ್ಡ್ ಕಳೆದುಕೊಂಡರು ಅಂದುಕೊಳ್ಳಿ. ಕಂಪ್ಯೂಟರಿನಲ್ಲಿ "ರದ್ದು" ಒತ್ತಿದರೆ ಬೀಗಕ್ಕೆ ಏನೂ ತಿಳಿಯುವುದಿಲ್ಲ. ಹೊಸ ಕಾರ್ಡ್ ಮಾಡಿ, ಅದನ್ನು ಆ ಬಾಗಿಲಿಗೆ ಒಮ್ಮೆ ಹಿಡಿದ ಮೇಲೆಯೇ ಹಳೆಯದು ಸಾಯುವುದು. ಅದೂ ಹೊಸದನ್ನು ನಕಲು ಅಂತ ಮಾಡದೆ, ಹೊಸ ಚೆಕ್ ಇನ್ ಅಂತ ಮಾಡಿದರೆ ಮಾತ್ರ. ನಮ್ಮ ಹುಡುಗರು ಮೊದಲ ಆರು ತಿಂಗಳು ನಕಲನ್ನೇ ಕೊಡುತ್ತಿದ್ದರು. ಅಂದರೆ ಕಳೆದುಹೋದ ಕಾರ್ಡೂ ಜೀವಂತ! ಹಾಗೆಯೇ ಗೆಸ್ಟ್ ಇನ್ನೊಂದು ದಿನ ಉಳಿಯುತ್ತೇನೆ ಅಂದರೆ ಕಾರ್ಡನ್ನು ಕೆಳಗೆ ತಂದು ಮತ್ತೆ ಬರೆಸಿಕೊಳ್ಳಬೇಕು. ಇದನ್ನು ಹೇಳಲು ಮರೆತರೆ ಮಧ್ಯಾಹ್ನ ಊಟ ಮುಗಿಸಿ ಬಂದವರು ಬಾಗಿಲ ಮುಂದೆ ಸಿಡಿಮಿಡಿ.

ನೆಟ್‌ವರ್ಕ್ ಮೂಲಕ ಕಂಪ್ಯೂಟರಿನ ಜೊತೆ ಮಾತಾಡುವ ಆನ್‌ಲೈನ್ ಬೀಗದಲ್ಲಿ ಇವೆರಡೂ ತೊಂದರೆ ಇಲ್ಲ. ಕೂತಲ್ಲಿಂದಲೇ ರದ್ದು ಮಾಡಬಹುದು, ಸೆಲ್ ಎಷ್ಟು ಉಳಿದಿದೆ ಅಂತಲೂ ನೋಡಬಹುದು. ಆದರೆ ಬೀಗಗಳನ್ನು ನೆಟ್‌ವರ್ಕಿಗೆ ಸೇರಿಸುವ ಗೇಟ್‌ವೇ ಎಂಬ ಪೆಟ್ಟಿಗೆ ಕಾರಿಡಾರಿನಲ್ಲಿ ಬೇಕು, ನೆಟ್‌ವರ್ಕ್ ನೋಡಿಕೊಳ್ಳುವವರು ಬೇಕು. ನಮ್ಮ ಅಳತೆಗೆ ಜಾಸ್ತಿ ಅನಿಸಿತು. 200 ರೂಮಿನವರಾದರೆ ನಾನು ಆನ್‌ಲೈನ್ ತಗೊಳ್ಳಿ ಅಂತಲೇ ಹೇಳುತ್ತೇನೆ.

ಸೆಲ್ ವಿಷಯ. ಬೀಗಕ್ಕೆ ಎಎ ಸೈಜಿನ 4 ಆಲ್ಕಲೈನ್ ಸೆಲ್. ಎರಡು ವರ್ಷ ಬರುತ್ತದೆ ಅಂದಿದ್ದರು. ನಮಗೆ ಬಂದದ್ದು 15, 16 ತಿಂಗಳು. ಉಳಿತಾಯ ಅಂತ ರೀಚಾರ್ಜ್ ಆಗುವ ಸೆಲ್ ಹಾಕಿ ನೋಡಿದೆವು. ಅದರ ವೋಲ್ಟೇಜ್ 1.2, ಆಲ್ಕಲೈನಿನದು 1.5. ಬೀಗ ಮೊದಲ ದಿನದಿಂದಲೇ "ಸೆಲ್ ಮುಗಿಯಿತು" ಅಂತ ಗೋಳಾಡಲು ಶುರು ಮಾಡಿತು. ವಾಪಸ್ ಆಲ್ಕಲೈನಿಗೇ ಬಂದೆವು. ಸೆಲ್ ಕಡಿಮೆಯಾದಾಗ ಲೈಟು ಬೇರೆ ಥರ ಮಿನುಗುತ್ತದೆ. ಅದು ಗೆಸ್ಟಿಗೆ ಗೊತ್ತಾಗುವುದಿಲ್ಲ, ಬಾಗಿಲು ತೆರೆದರೆ ಸಾಕು, ಒಳಗೆ ಹೋಗುತ್ತಾರೆ. ದಿನಾ ಆ ಲೈಟು ನೋಡುವವರು ಹೌಸ್‌ಕೀಪಿಂಗ್‌ನವರು. ಅವರಿಗೆ ಕಲಿಸಿದ ಮೇಲೆ ಸೆಲ್ ಸತ್ತು ಬಾಗಿಲು ನಿಂತದ್ದು ಒಂದು ಸಲವೂ ಇಲ್ಲ. ಈಗ ವರ್ಷಕ್ಕೊಮ್ಮೆ, ಜನ ಕಡಿಮೆ ಇರುವ ತಿಂಗಳಲ್ಲಿ, 42 ಬಾಗಿಲಿಗೂ ಒಟ್ಟಿಗೆ ಹೊಸ ಸೆಲ್. ತೆಗೆದ ಸೆಲ್ಲುಗಳು ರೂಮಿನ ಟಿವಿ ರಿಮೋಟಿಗೆ ಹೋಗುತ್ತವೆ, ಅಲ್ಲಿ ಇನ್ನೂ ತಿಂಗಳುಗಟ್ಟಲೆ ಬಾಳುತ್ತವೆ.

ಬಾಗಿಲನ್ನೇ ನೋಡದೆ ಬೀಗ ಕೊಳ್ಳಬೇಡಿ. ಮೊದಲ ವರ್ಷದ ದೂರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಗಿಲಿನವು. ಹಳೇ ಮರದ ಬಾಗಿಲು ಕೆಳಗೆ ಜಗ್ಗಿತ್ತು. ಮಳೆ ತಿಂಗಳಲ್ಲಿ ಉಬ್ಬಿಕೊಳ್ಳುತ್ತಿತ್ತು. ಬೀಗದ ನಾಲಗೆ ಚೌಕಟ್ಟಿನ ತೂತಿಗೆ ಸರಿಯಾಗಿ ಕೂರದೆ ಉಜ್ಜುತ್ತಿತ್ತು. ಹಸಿರು ಲೈಟು ಬಂದರೂ ಹಿಡಿ ತಿರುಗುವುದಿಲ್ಲ, ಗೆಸ್ಟ್ ಬೈಯುವುದು ಬೀಗವನ್ನು. ಕಾರ್ಪೆಂಟರ್ ಬಂದು ಕೀಲು ಬಿಗಿಮಾಡಿ ಚೌಕಟ್ಟಿನ ತಗಡು ಎರಡು ಮಿಲಿಮೀಟರ್ ಸರಿಸಿದ್ದೇ ತಡ, "ಕೆಟ್ಟ" ಬೀಗಗಳೆಲ್ಲ ಸರಿಹೋದವು. ಬಾಗಿಲಿನ ದಪ್ಪ, ಅದು ತೆರೆಯುವುದು ಎಡಕ್ಕೋ ಬಲಕ್ಕೋ, ಹಳೇ ಬೀಗದ ಗುಂಡಿಯ ಅಳತೆ ಇವನ್ನೆಲ್ಲ ಆರ್ಡರ್ ಕೊಡುವ ಮೊದಲೇ ಬರೆದುಕೊಳ್ಳಿ. ಬೆಂಕಿ ತಡೆಯುವ ಬಾಗಿಲಾದರೆ ಸುಮ್ನೆ ಕೊರೆಯಬೇಡಿ, ಕೊರೆದರೆ ಅದರ ಪ್ರಮಾಣಪತ್ರಕ್ಕೆ ಬೆಲೆ ಇರುವುದಿಲ್ಲ. ಒಳಗಿನಿಂದ ಹಿಡಿ ಒತ್ತಿದರೆ, ಅಗುಳಿ ಹಾಕಿದ್ದರೂ, ಸೆಲ್ ಸತ್ತಿದ್ದರೂ ಒಂದೇ ಸಲಕ್ಕೆ ತೆರೆಯಲೇಬೇಕು. ಇದರಲ್ಲಿ ರಾಜಿ ಬೇಡ.

ಸುರಕ್ಷತೆಯ ಬಗ್ಗೆ ನಮಗೆ ತಡವಾಗಿ ಎಚ್ಚರವಾಯಿತು. 2024ರ ಮಾರ್ಚ್‌ನಲ್ಲಿ ಸಂಶೋಧಕರ ಒಂದು ತಂಡ ಸ್ಯಾಫ್ಲಾಕ್ ಎಂಬ ಹೋಟೆಲ್ ಕಾರ್ಡ್ ಬೀಗಗಳ ದೋಷ ಹೊರಗೆಡವಿತು. ಆ ಹೋಟೆಲಿನ ಯಾವುದಾದರೂ ಒಂದು ಕಾರ್ಡ್, ಅವಧಿ ಮುಗಿದದ್ದಾದರೂ ಸರಿ, ಕೈಗೆ ಸಿಕ್ಕರೆ ಅದರಿಂದ ಎರಡು ಖೋಟಾ ಕಾರ್ಡ್ ಮಾಡಿ ಅಲ್ಲಿನ ಯಾವ ಬಾಗಿಲನ್ನೂ ತೆರೆಯಬಹುದಿತ್ತು. ಈ ಬೀಗಗಳಿದ್ದದ್ದು 131 ದೇಶ, 13,000 ಕಟ್ಟಡ, 30 ಲಕ್ಷಕ್ಕೂ ಮೀರಿದ ಬಾಗಿಲುಗಳಲ್ಲಿ. ಕಂಪನಿಗೆ ಸುದ್ದಿ ಮುಟ್ಟಿದ್ದು 2022ರಲ್ಲಿ. ಸುದ್ದಿ ಹೊರಬಿದ್ದಾಗ ಸರಿಪಡಿಸಿದ್ದು ಶೇ. 36ರಷ್ಟು ಬೀಗ. ನಿಧಾನ ಯಾಕೆ ಅಂದರೆ, ಪ್ರತಿ ಬಾಗಿಲಿಗೂ ಹೋಗಿ ಒಂದೊಂದಾಗಿ ಸರಿಮಾಡಬೇಕು, ಕೆಲವನ್ನು ಬದಲಿಸಲೇಬೇಕು. ಇದಕ್ಕೂ ಹಿಂದೆ, 2012ರಲ್ಲಿ, ಓನಿಟಿ ಎಂಬ ಇನ್ನೊಂದು ಕಂಪನಿಯ ಬೀಗಗಳ ತಳದಲ್ಲಿದ್ದ ಪುಟ್ಟ ತೂತಿಗೆ ಸಣ್ಣ ಸರ್ಕ್ಯೂಟ್ ಚುಚ್ಚಿ ಬಾಗಿಲು ತೆರೆಯುವುದನ್ನು ಕೋಡಿ ಬ್ರೋಷಸ್ ಎಂಬವರು ಬ್ಲ್ಯಾಕ್ ಹ್ಯಾಟ್ ಎಂಬ ಕಂಪ್ಯೂಟರ್ ಸುರಕ್ಷತೆಯ ಸಮ್ಮೇಳನದಲ್ಲಿ ತೋರಿಸಿದ್ದರು.

ನಮ್ಮದು ಇವೆರಡೂ ಅಲ್ಲ. ಆದರೂ ಆ ಸುದ್ದಿ ಓದಿ ನಮ್ಮ ಕಂಪನಿಗೆ ಒಂದೇ ಪ್ರಶ್ನೆ ಕಳಿಸಿದೆ: ನಮ್ಮ ಕಾರ್ಡಿನ ಚಿಪ್ ಯಾವುದು? ಉತ್ತರ ಬರಲು ಮೂರು ವಾರ ಹಿಡಿಯಿತು. ಮೈಫೇರ್ ಕ್ಲಾಸಿಕ್. 1994ರಲ್ಲಿ ಬಂದ ಚಿಪ್, ಅದರ ಗೂಢಲಿಪಿಯನ್ನು 2008ರಲ್ಲೇ ಸಂಶೋಧಕರು ಒಡೆದು ತೋರಿಸಿದ್ದಾರೆ. ಅಂದರೆ ನಾವು ಕೊಂಡಾಗಲೇ ಅದು ಹಳಸಿದ ಸರಕು. ಡೆಸ್‌ಫೈರ್ ಥರದ, ಇನ್ನೂ ಭದ್ರವಾದ ಚಿಪ್ಪಿನ ಕಾರ್ಡಿಗೆ ಹೋಗಲು ನಮ್ಮ ಬೀಗದ ರೀಡರ್ ಒಪ್ಪುತ್ತದಂತೆ, ಸಾಫ್ಟ್‌ವೇರ್ ಬದಲಿಸಬೇಕು. ಮೊದಲೇ ಕೇಳಿದ್ದರೆ ಒಂದೇ ಖರ್ಚಿನಲ್ಲಿ ಮುಗಿಯುತ್ತಿತ್ತು.

ಅಂದಹಾಗೆ, "ಕಾರ್ಡನ್ನು ಮೊಬೈಲ್ ಜೊತೆ ಇಡಬೇಡಿ, ಕೆಡುತ್ತದೆ" ಅಂತ ನಮ್ಮ ರಿಸೆಪ್ಷನ್‌ನಲ್ಲಿ ಇನ್ನೂ ಹೇಳುತ್ತಾರೆ. ಅದು ಕಪ್ಪು ಪಟ್ಟಿಯ ಮ್ಯಾಗ್ನೆಟಿಕ್ ಕಾರ್ಡಿನ ಕಾಲದ ಮಾತು. ಚಿಪ್ ಕಾರ್ಡ್ ಹಾಗೆ ಕೆಡುವುದಿಲ್ಲ. ಮಡಚಿದರೆ ಒಳಗಿನ ತಂತಿ ತುಂಡಾಗಿ ಸಾಯುತ್ತದೆ, ಪರ್ಸಿನಲ್ಲಿ ಇನ್ನೊಂದು ಚಿಪ್ ಕಾರ್ಡಿನ ಜೊತೆ ಹಿಡಿದರೆ ಬೀಗಕ್ಕೆ ಗೊಂದಲವಾಗುತ್ತದೆ, ಅಷ್ಟೇ.

ಮೊಬೈಲ್ ಕೀ ನಮ್ಮಲ್ಲಿ ಓಡಲಿಲ್ಲ. ಒಂದು ರಾತ್ರಿಗೆ ಯಾರು ಆ್ಯಪ್ ಹಾಕಿಕೊಳ್ಳುತ್ತಾರೆ? ಗುರುತಿನ ಚೀಟಿ ತೋರಿಸಲು ಹೇಗೂ ರಿಸೆಪ್ಷನ್‌ಗೆ ಬರಲೇಬೇಕು, ಬಂದ ಮೇಲೆ ಕಾರ್ಡ್ ಕೊಡುವುದು ಎರಡು ಸೆಕೆಂಡಿನ ಕೆಲಸ. ಪದೇ ಪದೇ ಬರುವ ಗೆಸ್ಟ್‌ಗಳಿರುವ ದೊಡ್ಡ ಚೈನ್ ಹೋಟೆಲಿಗೆ ಅದು ಹೊಂದುತ್ತದೆ. ಆ್ಯಪ್ ತೆರೆಯದೆಯೇ ಫೋನಿನ ವಾಲೆಟ್ಟಿನಿಂದ ತೆರೆಯುವ ವ್ಯವಸ್ಥೆ ಹಯಾಟ್‌ನವರ ಕೆಲವು ಹೋಟೆಲುಗಳಲ್ಲಿ 2021ರಲ್ಲೇ ಬಂತು. ಅದು ಎಲ್ಲ ಕಡೆ ಬಂದರೆ ನನ್ನ ಮಾತು ಬದಲಾಗಬಹುದು.

ನಿಜವಾದ ಲಾಭ ನಾವು ಎಣಿಸಿರದ ಕಡೆಯಿಂದ ಬಂತು. ಯಾವ ಕಾರ್ಡ್ ಎಷ್ಟು ಗಂಟೆಗೆ ತೆರೆಯಿತು ಅಂತ ಬೀಗ ಬರೆದಿಟ್ಟುಕೊಳ್ಳುತ್ತದೆ. ಒಬ್ಬ ಗೆಸ್ಟ್ ವಾಚ್ ಕಾಣೆಯಾಗಿದೆ ಅಂತ ದೂರು ಕೊಟ್ಟರು, ಬೆರಳು ತೋರಿಸಿದ್ದು ರೂಮು ಗುಡಿಸುವ ಹೆಂಗಸಿನ ಕಡೆಗೆ. ದಾಖಲೆ ತೆಗೆದು ನೋಡಿದರೆ ಆವತ್ತು ಆ ರೂಮಿಗೆ ಗೆಸ್ಟ್ ಕಾರ್ಡ್ ಬಿಟ್ಟು ಬೇರೆ ಯಾವುದೂ ಬಿದ್ದಿರಲಿಲ್ಲ. ಸಂಜೆ ವಾಚು ಅವರ ಕಾರಿನಲ್ಲೇ ಸಿಕ್ಕಿತು. ಹಿಂದಿನ ಕಾಲವಾಗಿದ್ದರೆ ಆಕೆಯ ಕೆಲಸ ಹೋಗುತ್ತಿತ್ತೇನೋ. ಆದರೆ ದಾಖಲೆ ಹೇಳುವುದು ಕಾರ್ಡಿನ ಹೆಸರು, ಮನುಷ್ಯನ ಹೆಸರಲ್ಲ. ನಮ್ಮಲ್ಲಿ ಮೊದಲು ಒಂದೇ ಮಾಸ್ಟರ್ ಕಾರ್ಡ್ ಐದು ಜನರ ಕೈಯಲ್ಲಿ ಓಡಾಡುತ್ತಿತ್ತು. ಈಗ ಒಬ್ಬರಿಗೆ ಒಂದು, ಅವರ ಮಹಡಿಗೆ ಮಾತ್ರ, ಅವರ ಪಾಳಿಯ ಹೊತ್ತಿಗೆ ಮಾತ್ರ. ಹಳೇ ದಾಖಲೆ ತುಂಬಿದರೆ ತಾನಾಗಿ ಅಳಿಯುತ್ತದೆ, ದೂರು ಬಂದ ದಿನವೇ ತೆಗೆಯಬೇಕು.

ಎನ್‌ಕೋಡರಿನ ಕಂಪ್ಯೂಟರ್ ಬಗ್ಗೆ ಒಂದು ಮಾತು. 2017ರ ಜನವರಿಯಲ್ಲಿ ಆಸ್ಟ್ರಿಯಾದ ಒಂದು ಹೋಟೆಲಿನ ಕಂಪ್ಯೂಟರುಗಳಿಗೆ ರಾನ್ಸಮ್‌ವೇರ್, ಅಂದರೆ ಕಂಪ್ಯೂಟರ್ ಕಟ್ಟಿಹಾಕಿ ಹಣ ಕೇಳುವ ವೈರಸ್, ಬಿದ್ದು ಹೊಸ ಕಾರ್ಡ್ ಮಾಡಲಾಗದೆ ಅವರು ಹಣ ಕೊಟ್ಟು ಬಿಡಿಸಿಕೊಂಡರು. ಗೆಸ್ಟುಗಳು ಒಳಗೇ ಸಿಕ್ಕಿಬಿದ್ದರು ಅಂತ ಸುದ್ದಿ ಹಬ್ಬಿದ್ದು ಸುಳ್ಳು. ನಮ್ಮಲ್ಲಿ ಅಷ್ಟು ದೊಡ್ಡದೇನೂ ಆಗಲಿಲ್ಲ, ಹಾರ್ಡ್ ಡಿಸ್ಕ್ ಹೋಯಿತು. ಬ್ಯಾಕಪ್ ಇತ್ತು, ಎಲ್ಲಿ? ಅದೇ ಹಾರ್ಡ್ ಡಿಸ್ಕಿನಲ್ಲಿ. ಅರ್ಧ ದಿನ ಗೆಸ್ಟುಗಳಿಗೆ ಮಾಸ್ಟರ್ ಕಾರ್ಡ್ ಹಿಡಿದು ಬಾಗಿಲು ತೆರೆದುಕೊಟ್ಟೆವು. ಈಗ ಪ್ರತಿ ರಾತ್ರಿ ಪೆನ್ ಡ್ರೈವ್‌ಗೆ ಹೋಗುತ್ತದೆ, ಆ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಇಲ್ಲ.

ಹೊಸ ಮಹಡಿಗೆ ಈಗ ಇನ್ನೂ 12 ಬೀಗ ಬೇಕು. ಅದೇ ಕಂಪನಿಯದನ್ನೇ ತೆಗೆದುಕೊಳ್ಳಬೇಕು, ಬೇರೆಯವರ ಬೀಗ ನಮ್ಮ ಎನ್‌ಕೋಡರಿಗೆ ಒಗ್ಗುವುದಿಲ್ಲ. ಈ ಸಲ ಸೂಟ್‌ಕೇಸಿನ ಬಾಗಿಲು ಬೇಡ, ನಮ್ಮದೇ ಬಾಗಿಲಿಗೆ ಒಂದು ಹಾಕಿ, ಸೆಲ್ ತೆಗೆದು ಒಂದು ಗಂಟೆ ಬಿಟ್ಟು, ಆಮೇಲೆ ರಾತ್ರಿ ಪಾಳಿಯ ಹುಡುಗನ ಕೈಯಲ್ಲೇ ತೆರೆಸಿ ತೋರಿಸಿ ಅಂದಿದ್ದೇನೆ. ಮುಂದಿನ ವಾರ ಬರುತ್ತಾರಂತೆ.