ಹಡಗಿನ ಮಧ್ಯಾಹ್ನದ ಟೀ: ಐದು ಪ್ರಯಾಣ ಆದ ಮೇಲೆ, ಮುಖ್ಯವಾಗಿ ಹಾಲಿನ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ. ಕ್ರೂಸ್ ಹಡಗಿನ ಮಧ್ಯಾಹ್ನದ ಟೀಯಲ್ಲಿ ಎಲ್ಲವೂ ಚೆನ್ನಾಗಿರುತ್ತದೆ, ಟೀ ಒಂದನ್ನು ಬಿಟ್ಟು.

2014ರಿಂದ ಈಚೆಗೆ ನಾವಿಬ್ಬರೂ ಐದು ಸಲ ಹೋಗಿ ಬಂದಿದ್ದೇವೆ. ಮಗಳು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾಳೆ. ಅಲ್ಲಿಂದ ಸೌತಾಂಪ್ಟನ್ ಬಂದರಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಅವಳ ಮನೆಯಲ್ಲಿ ಎರಡು ತಿಂಗಳು ಕೂತರೆ ನಮಗೂ ಬೇಜಾರು, ಅವಳಿಗೂ ಬೇಜಾರು. ಹಾಗಾಗಿ ಕೊನೇ ಗಳಿಗೆಯಲ್ಲಿ ಅಗ್ಗಕ್ಕೆ ಬಿಡುವ ಒಳಗಿನ ಕೋಣೆ ಹುಡುಕಿ ಬುಕ್ ಮಾಡುತ್ತೇವೆ. ಕಿಟಕಿ ಇಲ್ಲ, ಬಾಲ್ಕನಿ ಇಲ್ಲ. ನಿದ್ದೆ ಮಾಡೋಕೆ ಕಿಟಕಿ ಯಾಕೆ ಬೇಕು, ಅಲ್ವಾ? ನಾನು ಬ್ಯಾಂಕಿನಲ್ಲಿ ಇದ್ದವಳು, ನಿವೃತ್ತಿಯಾದರೂ ಲೆಕ್ಕದ ಚಾಳಿ ಬಿಟ್ಟಿಲ್ಲ. ಹಡಗು ಎಷ್ಟು ಉದ್ದ, ಎಷ್ಟು ಮಹಡಿ, ಎಷ್ಟು ಈಜುಕೊಳ ಅನ್ನೋದನ್ನೆಲ್ಲ ನೀವು ಬೇರೆಯವರ ವಿಮರ್ಶೆಯಲ್ಲಿ ಓದಿರುತ್ತೀರಿ. ನಾನು ಮೂರೂವರೆ ಗಂಟೆಯ ಟೀ ಬಗ್ಗೆ ಮಾತ್ರ ಬರೆಯುತ್ತೇನೆ. ಹಡಗುಗಳ ಹೆಸರು ಹೇಳೋದಿಲ್ಲ, ಯಾಕಂದರೆ ಬೈಯೋದು ಸ್ವಲ್ಪ ಜಾಸ್ತಿ ಇದೆ.

ಟೀ ಮೂರೂವರೆಗೆ ಅಂದರೆ ಮೂರು ಹತ್ತಕ್ಕೇ ಬಾಗಿಲಲ್ಲಿ ಸಾಲು ನಿಂತಿರುತ್ತದೆ. ರಾತ್ರಿ ಡ್ಯಾನ್ಸ್ ನಡೆಯುವ ದೊಡ್ಡ ಸಭಾಂಗಣ. ಬಿಳಿ ಮೇಜುಬಟ್ಟೆ, ಮಡಿಸಿಟ್ಟ ನ್ಯಾಪ್ಕಿನ್, ತೆಳ್ಳನೆ ಪಿಂಗಾಣಿ ಕಪ್, ಬಸಿ. ಮೂಲೆಯಲ್ಲಿ ಮೂರು ಜನ ಪಿಟೀಲು, ಪಿಯಾನೊ ನುಡಿಸುತ್ತಿರುತ್ತಾರೆ. ಸರಿಯಾಗಿ ಮೂರೂವರೆಗೆ ಬಿಳಿ ಕೈಗವಸು ಹಾಕಿಕೊಂಡ ಮಾಣಿಗಳು ಸಾಲಾಗಿ ಒಳಗೆ ಬರುತ್ತಾರೆ. ಮೊದಲನೆಯ ಸಲ ಅದನ್ನು ನೋಡಿ ನಮ್ಮನೆಯವರು, "ಏನೇ ಇದು, ಆರತಿ ತಟ್ಟೆ ಬಂದ ಹಾಗಿದೆ" ಅಂದರು.

ಚಿತ್ರಗಳಲ್ಲಿ ಮೂರು ಅಂತಸ್ತಿನ ತಟ್ಟೆ ನೋಡಿರುತ್ತೀರಲ್ಲ, ನಾವು ಹೋದ ಹಡಗುಗಳಲ್ಲಿ ಬಿಟ್ಟಿ ಟೀಗೆ ಅದು ಇರಲಿಲ್ಲ. ಅಲ್ಲಿ ನಡೆಯೋದು ಅಪ್ಪಟ ಪಂಕ್ತಿ ಬಡಿಸುವಿಕೆ. ಮೊದಲು ಟೀ ಹಾಕುವವನು. ಅವನ ಹಿಂದೆ ಸ್ಯಾಂಡ್‌ವಿಚ್ ತಟ್ಟೆಯವನು, ಚಿಮ್ಮಟ ಹಿಡಿದು. ಆಮೇಲೆ ಸ್ಕೋನ್, ಅಂದರೆ ಬನ್ನಿನಂಥ ಸಣ್ಣ ಬೇಕರಿ ತಿಂಡಿ. ಅದಾದ ಮೇಲೆ ಜ್ಯಾಮ್ ಮತ್ತು ಕ್ರೀಮ್. ಕೊನೆಗೆ ಕೇಕು. ಒಂದು ಸುತ್ತು ಮುಗಿದರೆ ಎರಡನೇ ಸುತ್ತು. ಸಾಕು ಅಂತ ಕೈ ಅಡ್ಡ ಹಿಡಿದರೂ "ಇನ್ನೊಂದು?" ಅಂತ ನಿಂತೇ ಇರುತ್ತಾರೆ. ಮದುವೆ ಮನೆಯಲ್ಲಿ ಬೆಳೆದವರಿಗೆ ಈ ವ್ಯವಸ್ಥೆ ಅರ್ಥವಾಗಲು ಒಂದು ನಿಮಿಷ ಸಾಕು. ಎಲೆ ಇಲ್ಲ ಅಷ್ಟೇ.

ಇದೆಲ್ಲ ಶುರುವಾದದ್ದು 1840ರ ಸುಮಾರಿಗೆ, ಇಂಗ್ಲೆಂಡಿನ ದೊಡ್ಡ ಮನೆತನದ ಹೆಂಗಸು, ಬೆಡ್‌ಫರ್ಡಿನ ಡಚೆಸ್ ಅನ್ನಾ ಅವರಿಂದ ಅಂತ ಹೇಳುತ್ತಾರೆ. ರಾತ್ರಿ ಊಟ ಎಂಟು ಗಂಟೆಗೆ, ನಡುವೆ ಅವರಿಗೆ ಹೊಟ್ಟೆ ತಡೆಯುತ್ತಿರಲಿಲ್ಲವಂತೆ. ಸಾಯಂಕಾಲ ನಾಲ್ಕಕ್ಕೆ ಹಸಿವಾಗೋಕೆ ಡಚೆಸ್ಸೇ ಆಗಬೇಕಾ? ನಮ್ಮ ಕಡೆ ಅದಕ್ಕೆ ಬೋಂಡ ಇದೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಸ್ಯಾಂಡ್‌ವಿಚ್ ಅಂದರೆ ಅಂಚು ಕತ್ತರಿಸಿ ಬೆರಳಿನಷ್ಟು ಅಗಲಕ್ಕೆ ಮಾಡಿದ ಬ್ರೆಡ್ಡು. ಸೌತೆಕಾಯಿಯದು ಗೊತ್ತಾಗುತ್ತದೆ. ಆದರೆ ಸಾಲ್ಮನ್ ಮೀನಿನದು ಕೇಸರಿ ಬಣ್ಣ. ನಮ್ಮನೆಯವರು ಕ್ಯಾರೆಟ್ ಅಂದುಕೊಂಡು ಬಾಯಿವರೆಗೆ ತಂದಿದ್ದರು, ಪಕ್ಕದ ಹೆಂಗಸು ಕೈ ಹಿಡಿದು ತಪ್ಪಿಸಿದರು. ಹಡಗು ಹತ್ತಿದ ದಿನವೇ ಊಟದ ಕೋಣೆಯ ಮುಖ್ಯಸ್ಥರಿಗೆ ಹೇಳಿಡಿ, ಬೇರೆ ತಟ್ಟೆ ಮಾಡಿ ಕೊಡುತ್ತಾರೆ. ಗಾಜಿನ ಲೋಟದಲ್ಲಿ ಬರುವ ಮೂಸ್ ಥರದ ನೊರೆ ಸಿಹಿಯಲ್ಲಿ ಜೆಲಟಿನ್ (ಪ್ರಾಣಿಗಳ ಎಲುಬು, ಚರ್ಮದಿಂದ ಮಾಡುವ ಅಂಟು) ಇರಬಹುದು, ಕೇಳಿಯೇ ಮುಟ್ಟಿ. ಕೇಕಿನ ಮೊಟ್ಟೆಗೆ ನಾವು ಕಣ್ಣು ಮುಚ್ಚುತ್ತೇವೆ. ಅದು ನಿಮ್ಮಿಷ್ಟ.

ಇನ್ನು ಹಾಲಿನ ವಿಷಯ.

ಟೀ ಹಾಕುವ ಹುಡುಗ ಬಂದು, ಹಡಗು ವಾಲಿದ ಕಡೆಗೆ ತಾನೂ ವಾಲಿ, ಕಪ್ಪಿನ ಮುಕ್ಕಾಲು ಮಾತ್ರ ತುಂಬುತ್ತಾನೆ. ನೋಡಲು ಚೆಂದ. ಹಿಂದಿನ ಕಾಲದ ಹಡಗುಗಳಲ್ಲಿ ಅಲೆ ಜಾಸ್ತಿಯಾದರೆ ಮೇಜುಬಟ್ಟೆಗೆ ನೀರು ಚಿಮುಕಿಸುತ್ತಿದ್ದರಂತೆ, ತಟ್ಟೆ ಜಾರದಿರಲಿ ಅಂತ. ನಾರ್ವೆ ಕಡೆ ಹೋದಾಗ ಒಂದು ದಿನ ಕಪ್ಪುಗಳೆಲ್ಲ ಬಸಿಯ ಮೇಲೆ ಕಟಕಟ ಅನ್ನುತ್ತಿದ್ದವು. ಆ ಹುಡುಗ ಒಂದು ತೊಟ್ಟು ಚೆಲ್ಲಲಿಲ್ಲ.

ಆದರೆ ಅವನು ಹಾಕಿದ್ದು ಸಪ್ಪೆ ನೀರು. ಅದರ ಪಕ್ಕ ಹೆಬ್ಬೆರಳುದ್ದದ ಜಗ್ಗಿನಲ್ಲಿ ಹಾಲು. ಮುಟ್ಟಿ ನೋಡಿದೆ, ಜಗ್ಗಿನ ಮೈಮೇಲೆ ಹನಿ ಕೂತಿತ್ತು. ಫ್ರಿಜ್ಜಿನಿಂದ ನೇರ ತಂದ ತಣ್ಣನೆ ಹಾಲು! ಮೊದಲೇ ಆರುತ್ತಾ ಬಂದ ಟೀಗೆ ಅದನ್ನು ಹುಯ್ದರೆ ಏನಾಗಬೇಕು? ಮಳೆಗಾಲದಲ್ಲಿ ಬಟ್ಟೆ ನೆನೆಸಿಟ್ಟ ಬಕೆಟ್ಟಿನ ನೀರಿನ ಬಣ್ಣ ಬಂತು. ಬಿಸಿಯೂ ಅಷ್ಟೇ.

ನನಗೆ ಸಿಟ್ಟು ಬರೋದು ಇನ್ನೊಂದಕ್ಕೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ. ಹಡಗಿನಲ್ಲಿ 100. ಅಂದರೆ ನಮಗಿಂತ ಒಳ್ಳೆ ಟೀ ಮಾಡುವ ಅನುಕೂಲ ಅವರಿಗೆ ಸಮುದ್ರವೇ ಕೊಟ್ಟಿದೆ. ಆದರೆ ಸಾವಿರಾರು ಜನರಿಗೆ ಒಟ್ಟಿಗೆ ಮಾಡಿ, ದೊಡ್ಡ ಪಾತ್ರೆಯಲ್ಲಿಟ್ಟು, ಅಲ್ಲಿಂದ ಕೆಟಲಿಗೆ, ಕೆಟಲಿನಿಂದ ಕಪ್ಪಿಗೆ ಬರುವಷ್ಟರಲ್ಲಿ ಆ 100 ಎಲ್ಲಿ ಉಳಿಯುತ್ತದೆ?

ಹಿಂದೆ ಹೀಗಿರಲಿಲ್ಲ ಅನ್ನೋದು ನನ್ನ ಅನುಮಾನ. 1840ರಲ್ಲಿ ಕ್ಯುನಾರ್ಡ್ ಕಂಪನಿಯ ಬ್ರಿಟಾನಿಯಾ ಹಡಗು ಮೊದಲ ಸಲ ಲಿವರ್‌ಪೂಲಿನಿಂದ ಅಮೆರಿಕದ ಕಡೆಗೆ ಹೊರಟಾಗ, ತಾಜಾ ಹಾಲು ಬೇಕು ಅಂತ ಒಂದು ಹಸುವನ್ನೇ ಹತ್ತಿಸಿಕೊಂಡಿದ್ದರು. ಇದನ್ನು ಓದಿದ ದಿನ ನಮ್ಮನೆಯವರಿಗೆ ಮೂರು ಸಲ ಓದಿ ಹೇಳಿದೆ. ಹಾಲಿನ ಬೆಲೆ ಗೊತ್ತಿದ್ದ ಜನ! ಅದಕ್ಕೂ ಒಂದು ವರ್ಷ ಮೊದಲು, 1839ರಲ್ಲಿ, ಅಸ್ಸಾಮಿನ ಚಹಾ ಮೊದಲ ಸಲ ಲಂಡನ್ನಿನಲ್ಲಿ ಹರಾಜಾಗಿತ್ತು. ಎಲೆ ನಮ್ಮದು, ಹಸು ಹಡಗಿನಲ್ಲಿ, ಇಷ್ಟೆಲ್ಲ ಇದ್ದು ಇವತ್ತು ನನ್ನ ಮುಂದೆ ತಣ್ಣನೆ ಜಗ್ಗು.

ಮೂರನೇ ದಿನ ಒಂದು ಪ್ರಯೋಗ ಮಾಡಿದೆ. ಸ್ಕೋನಿನ ಜೊತೆ ಕೊಡುವ ಕ್ಲಾಟೆಡ್ ಕ್ರೀಮನ್ನೇ ಒಂದು ಚಮಚ ಟೀಗೆ ಹಾಕಿ ಕಲಕಿದೆ. ಮೇಲೆ ಎಣ್ಣೆ ಚುಕ್ಕಿ ತೇಲಿತು, ಸಾರಿಗೆ ಒಗ್ಗರಣೆ ಹಾಕಿದ ಹಾಗೆ. ಎದುರು ಕೂತ ದಂಪತಿ ಕಿಟಕಿ ಕಡೆ ತಿರುಗಿದರು. ನೀವು ಮಾಡಬೇಡಿ.

ಆದರೆ ಚಮಚಕ್ಕೆ ಅಂಟಿದ್ದನ್ನು ನಾಲಿಗೆಗೆ ಇಟ್ಟೆ ನೋಡಿ, ಅಲ್ಲಿಗೆ ನನ್ನ ಸಿಟ್ಟು ಅರ್ಧ ಇಳಿಯಿತು. ಅದು ಕ್ರೀಮಲ್ಲ. ಕೆನೆ. ನಮ್ಮ ಕೆನೆ.

ಕೇಕಿನ ಮೇಲೆ ಹಾಕುವ ನೊರೆ ಕ್ರೀಮಿಗೂ ಇದಕ್ಕೂ ಸಂಬಂಧವೇ ಇಲ್ಲ. ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್, ಡೆವನ್ ಕಡೆ ಇದನ್ನು ಮಾಡುತ್ತಾರೆ. ಹಾಲಿನ ಕೆನೆಭಾಗವನ್ನು ಅಗಲ ಪಾತ್ರೆಯಲ್ಲಿಟ್ಟು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬಿಸಿ ಮಾಡಿ, ಆಮೇಲೆ ಅಲುಗಾಡಿಸದೆ ಆರಲು ಬಿಡುತ್ತಾರೆ. ಮೇಲೆ ಗಟ್ಟಿ ಹಳದಿ ಪದರ ಕಟ್ಟುತ್ತದೆ. ಕಾರ್ನ್‌ವಾಲ್‌ನದ್ದಕ್ಕೆ ನಮ್ಮ ಮೈಸೂರು ಮಲ್ಲಿಗೆಯ ಹಾಗೆ ಹೆಸರಿನ ರಕ್ಷಣೆಯೂ ಇದೆ, 1998ರಿಂದ. ಅದರಲ್ಲಿ ಕೊಬ್ಬು ನೂರಕ್ಕೆ 55ಕ್ಕಿಂತ ಕಡಿಮೆ ಇರುವಂತಿಲ್ಲ. ನಮ್ಮನೆಯವರ ಕೊಲೆಸ್ಟರಾಲ್ ರಿಪೋರ್ಟಿನ ಬಗ್ಗೆ ಇಲ್ಲಿ ಬರೆಯೋದಿಲ್ಲ.

ಮೇಲಿನ ಪದರ ಚಾಕುವಿಗೆ ಸ್ವಲ್ಪ ತಡೆ ಕೊಡುತ್ತದೆ, ಒಂಚೂರು ಮರಳುಮರಳು. ಕೆಳಗೆ ಮೆತ್ತಗೆ. ವಾಸನೆ ಮಾತ್ರ ಕಾಯಿಸಿದ ಹಾಲಿನದ್ದೇ. ಮನೆಯಲ್ಲಿ ನಾನು ದಿನಾ ಹಾಲು ಕಾಯಿಸಿ, ಆರಿದ ಮೇಲೆ ಕೆನೆ ತೆಗೆದು ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡುತ್ತೇನೆ. ವಾರಕ್ಕೊಮ್ಮೆ ಕಡೆದು ಬೆಣ್ಣೆ, ಆಮೇಲೆ ತುಪ್ಪ. ಮಗಳು ಚಿಕ್ಕವಳಿದ್ದಾಗ ಆ ಡಬ್ಬಿಗೆ ಕನ್ನ ಹಾಕಿ, ಸಕ್ಕರೆ ಉದುರಿಸಿಕೊಂಡು ಬ್ರೆಡ್ಡಿನ ಮೇಲೆ ಹಚ್ಚಿ ತಿನ್ನುತ್ತಿದ್ದಳು. ಬೈದು ಬೈದು ಸಾಕಾಗಿತ್ತು. ಈಗ ನೋಡಿದರೆ ಅದೇ ತಿಂಡಿಯನ್ನು ಬಿಳಿ ಕೈಗವಸು ಹಾಕಿಕೊಂಡು ಬಡಿಸುತ್ತಿದ್ದಾರೆ.

ಬಿಸಿ ಸ್ಕೋನನ್ನು ಚಾಕುವಿನಿಂದ ಕೊಯ್ಯಬೇಡಿ, ಕೈಯಿಂದ ಎರಡು ಹೋಳು ಮಾಡಿ. ಮೇಲೆ ಸ್ಟ್ರಾಬೆರಿ ಜ್ಯಾಮ್, ಅದರ ಮೇಲೆ ಕೆನೆ. ಕಾರ್ನ್‌ವಾಲ್‌ನವರ ಕ್ರಮ ಇದು. ಡೆವನ್‌ನವರು ಕೆನೆ ಮೊದಲು, ಜ್ಯಾಮ್ ಮೇಲೆ ಅನ್ನುತ್ತಾರೆ. ಒಂದು ದಿನ ನಮ್ಮ ಮೇಜಿನಲ್ಲೇ ಎರಡೂ ಊರಿನವರು ಕೂತಿದ್ದರು. ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಬೇಕೋ ಅದ್ದಿಕೊಳ್ಳಬೇಕೋ ಅನ್ನೋ ಜಗಳದಷ್ಟೇ ಗಂಭೀರ. ನನ್ನ ಮೈಸೂರು ಸಿಲ್ಕಿನ ಸೆರಗಿನ ಮೇಲೆ ಡೆವನ್‌ನವರ ಕ್ರಮದಲ್ಲೇ ಜ್ಯಾಮ್ ಜಾರಿ ಬಿತ್ತು. ಅಲ್ಲಿಂದ ನಾನು ಕಾರ್ನ್‌ವಾಲ್ ಪಕ್ಷ.

ಟೀ ಸಮಸ್ಯೆಗೆ ಪರಿಹಾರ ಸಿಕ್ಕಿದ್ದು ಎರಡನೇ ಪ್ರಯಾಣದಲ್ಲಿ. ಕೇಕು ಬಡಿಸುವ ಹುಡುಗ ನನ್ನ ಸೀರೆ ನೋಡಿ, ಬಗ್ಗಿ, ಮೆಲ್ಲಗೆ, "ಅಮ್ಮ, ಕನ್ನಡವಾ?" ಅಂದ. ಕಾರ್ಕಳದ ಕಡೆಯವನು. ನಾನು ಹಾಲಿನ ಕಥೆ ಹೇಳಿದೆ. ಅವನು ನಕ್ಕ. "ನಮ್ಮ ಸ್ಟಾಫ್ ಮೆಸ್ಸಿನಲ್ಲಿ ಒಳ್ಳೆ ಚಾ ಉಂಟಮ್ಮ, ಆದರೆ ಮೇಲೆ ತರ್ಲಿಕ್ಕೆ ಬಿಡುವುದಿಲ್ಲ" ಅಂದ. ಬದಲಿಗೆ ಒಂದು ಉಪಾಯ ಹೇಳಿಕೊಟ್ಟ. ಎಲ್ಲರಿಗೂ ಸುರಿಯುವ ಟೀ ಬೇಡ ಅನ್ನಿ. ಅಸ್ಸಾಂ ಅಂತ ಕೇಳಿ ಬೇರೆ ಕೆಟಲು ತರಿಸಿ, ಎರಡು ಟೀ ಚೀಲ ಹಾಕಿಸಿ, ಐದು ನಿಮಿಷ ಮುಚ್ಚಿಡಿ. ಹಾಲು ಅಡುಗೆಮನೆಯಿಂದ ಕೇಳಬೇಡಿ, ಕಾಫಿ ಕೌಂಟರಿನಿಂದ ಕೇಳಿ. ಅಲ್ಲಿ ಕಾಫಿ ಮೆಷಿನ್ನಿನ ಹಬೆಯಲ್ಲಿ ಹಾಲು ಕಾಯಿಸಿ ಕೊಡುತ್ತಾರೆ.

ಇದು ನಡೆಯುತ್ತದೆ. ನಮ್ಮ ಮನೆಯ ಟೀ ಆಗೋದಿಲ್ಲ, ಆದರೆ ಟೀ ಆಗುತ್ತದೆ. ಅರ್ಲ್ ಗ್ರೇ ಅನ್ನೋ ಟೀ ಮಾತ್ರ ಈ ಥರ ಕುಡಿಯಬೇಡಿ. ಅದರಲ್ಲಿ ಬರ್ಗಮಾಟ್ ಅನ್ನೋ ಹಣ್ಣಿನ ಸಿಪ್ಪೆಯ ಎಣ್ಣೆ ಇರುತ್ತದೆ. ಹೇರಳೆಕಾಯಿ ಸಿಪ್ಪೆ ಉಗುರಿನಲ್ಲಿ ಗೀರಿದರೆ ಬರುವ ಘಮ. ಹಾಲಿಲ್ಲದೆ ಒಂದು ಕಪ್ ಚೆನ್ನಾಗಿರುತ್ತದೆ.

ಅಟ್ಲಾಂಟಿಕ್ ದಾಟಿ ನ್ಯೂಯಾರ್ಕಿನಿಂದ ವಾಪಸ್ ಬರುವಾಗ ಒಂದು ತಮಾಷೆ. ಪೂರ್ವಕ್ಕೆ ಬರುವಾಗ ಗಡಿಯಾರ ಐದು ದಿನ ದಿನಕ್ಕೊಂದು ಗಂಟೆ ಮುಂದಕ್ಕೆ ಹೋಗಬೇಕಲ್ಲ, ಅದನ್ನು ಮಧ್ಯಾಹ್ನ ಹನ್ನೆರಡಕ್ಕೆ ಮಾಡುತ್ತಾರೆ. ಹನ್ನೆರಡು ಹೊಡೆದ ತಕ್ಷಣ ಒಂದು ಗಂಟೆ. ಊಟದ ಕೈ ಒಣಗುವಷ್ಟರಲ್ಲಿ ಟೀ ಸಾಲು. ನಮ್ಮನೆಯವರು ಐದೂ ದಿನ ಊಟ ಬಿಟ್ಟು ಟೀಗೆ ಬಂದರು.

ಅವರ ವಿಷಯ ಬಂತು, ಹೇಳಿಯೇ ಬಿಡುತ್ತೇನೆ. ಅವರು ಟೀಯನ್ನು ಬಸಿಗೆ ಸುರಿದೇ ಕುಡಿಯೋದು. ನಲವತ್ತು ವರ್ಷದ ಅಭ್ಯಾಸ. ಮೊದಲ ದಿನ ನಾನು ಕಾಲಿನಲ್ಲಿ ತಿವಿದೆ, ಕಣ್ಣು ಬಿಟ್ಟೆ, ಪ್ರಯೋಜನವಿಲ್ಲ. ಬಿಳಿ ಕೈಗವಸು, ಪಿಟೀಲು, ಅದರ ನಡುವೆ ನಮ್ಮವರ ಸೊರ್ರ್ ಸದ್ದು. ನಮ್ಮ ಮೇಜಿನಲ್ಲಿ ಯಾರ್ಕ್‌ಷೈರಿನ ಒಬ್ಬ ಅಜ್ಜಿ ಇದ್ದರು, ಎಂಬತ್ತು ದಾಟಿದವರು. ಅವರು ಸುಮ್ನೆ ನೋಡುತ್ತಿದ್ದರು. ಆಮೇಲೆ, ನಮ್ಮ ತಾತ ಗಣಿ ಕೆಲಸದಿಂದ ಬಂದು ಹೀಗೇ ಕುಡಿಯುತ್ತಿದ್ದರು ಅಂದರು. ಅಕ್ಕಪಕ್ಕ ನೋಡಿ, ತಮ್ಮ ಕಪ್ಪಿನಿಂದ ಒಂದು ಗುಟುಕು ಬಸಿಗೆ ಹಾಕಿಕೊಂಡರು. ಉಳಿದ ನಾಲ್ಕು ದಿನ ಅವರು ನಮಗೆ ಜಾಗ ಹಿಡಿದಿಡುತ್ತಿದ್ದರು.

ಇಷ್ಟು ಹೊಗಳಿದ ಮೇಲೆ ಐದನೇ ಪ್ರಯಾಣದ ವಿಷಯ. ಇದು ಬೇರೆ ಕಂಪನಿ, ಹೊಸ ದೊಡ್ಡ ಹಡಗು, ದರ ಕಡಿಮೆ. ಮೂರು ಹತ್ತಕ್ಕೆ ಅಭ್ಯಾಸಬಲದಿಂದ ಹೋಗಿ ನಿಂತೆವು. ಸಾಲೇ ಇರಲಿಲ್ಲ. ಬಾಗಿಲಲ್ಲಿ ಒಂದು ಬೋರ್ಡು: ಕೂತು ಕುಡಿಯುವ ಟೀಗೆ ತಲೆಗೆ ಇಷ್ಟು ಡಾಲರ್ ಬೇರೆ, ಮೂರು ಅಂತಸ್ತಿನ ತಟ್ಟೆಯ ಚಿತ್ರದ ಸಮೇತ. ದಿನಾ ಟಿಪ್ಸ್ ಅಂತ ಬಿಲ್ಲಿಗೆ ಸೇರಿಸುವುದು ಸಾಲದು ಅಂತ ಇದು ಬೇರೆ. ದುಡ್ಡು ಕೊಡದವರಿಗೆ ಬಫೆಯಲ್ಲಿ ಟೀ. ಹೋಗಿ ನೋಡಿದರೆ ಬಿಸಿನೀರಿನ ನಲ್ಲಿ, ದಾರ ಇಳಿಬಿಟ್ಟ ಚೀಲಗಳು, ಬೆಳಗ್ಗೆ ಮಾಡಿಟ್ಟ ಸ್ಕೋನು. ಮುರಿದರೆ ರಸ್ಕಿನ ಹಾಗೆ ಪುಡಿಯಾಯಿತು. ಕೆನೆ ಕೇಳಿದೆ. ಡಬ್ಬಿಯಿಂದ ಪುಸ್ ಅಂತ ನೊರೆ ಹಾಕಿದರು.

ದುಡ್ಡು ಕೊಟ್ಟು ಒಂದು ದಿನ ಹೋಗಬಹುದಿತ್ತು. ಆದರೆ ಒಂದು ದಿನ ಹೋಗೋದಲ್ಲ ಇದು. ದಿನಾ ಅದೇ ಹೊತ್ತಿಗೆ, ಅದೇ ಜನ, ಎರಡನೇ ದಿನಕ್ಕೇ ನಿಮಗೆ ಎಷ್ಟು ಸಕ್ಕರೆ ಅಂತ ಗೊತ್ತಿರುವ ಹುಡುಗ, ಇದೆಲ್ಲ ಒಂದು ಟಿಕೆಟ್ಟಿನಲ್ಲಿ ಬರಬೇಕು. ಬುಕ್ ಮಾಡುವ ಮೊದಲು "ಮಧ್ಯಾಹ್ನದ ಟೀ ದಿನಾ ಇದೆಯಾ, ದರದಲ್ಲೇ ಸೇರಿದೆಯಾ, ಬಡಿಸುತ್ತಾರಾ, ಬಫೆಯಾ" ಅಂತ ನಾಲ್ಕೂ ಪ್ರಶ್ನೆ ಬಿಡಿಬಿಡಿಯಾಗಿ ಕೇಳಿ. "ಟೀ ಇದೆ" ಅನ್ನೋ ಉತ್ತರ ನಂಬಬೇಡಿ.

ನಮ್ಮನೆಯವರ ದುಃಖ ಇನ್ನೂ ದೊಡ್ಡದು. ಆ ಬಫೆಯಲ್ಲಿ ಇದ್ದದ್ದು ದಪ್ಪನೆಯ ಮಗ್ಗು. ಬಸಿಯೇ ಇಲ್ಲ. ಏಳು ದಿನ ಊದಿ ಊದಿ ಕುಡಿದರು.

ಈಗ ಬೇಸಿಗೆಗೆ ಮತ್ತೆ ಮಗಳ ಮನೆಗೆ ಹೋಗಬೇಕು. ಏಜೆಂಟರಿಗೆ ನನ್ನ ನಾಲ್ಕು ಪ್ರಶ್ನೆ ಮೇಲ್ ಮಾಡುತ್ತಿದ್ದೆ. ಇವರು ಹಿಂದಿನಿಂದ ಬಂದು, ಐದನೆಯದು ಹಾಕು ಅಂದರು. ಹಾಕಿದ್ದೇನೆ: "ಕಪ್ಪಿನ ಜೊತೆ ಬಸಿ ಕೊಡುತ್ತಾರಾ?" ಮೊದಲ ನಾಲ್ಕಕ್ಕೆ ಉತ್ತರ ಬಂದಿದೆ. ಐದನೆಯದನ್ನು ವಿಚಾರಿಸಿ ಹೇಳುತ್ತಾರಂತೆ.