ರೈಸ್ ಮಿಲ್ಲಿನ ಲೆಕ್ಕದ ನಡುವೆ ನೀತಿಶಾಸ್ತ್ರ: ಎರಡು ಸೆಮಿಸ್ಟರ್ ಆನ್‌ಲೈನ್ ಕೋರ್ಸ್ ಮಾಡಿದವರ ಮಾತು

ಮೊದಲೇ ಹೇಳಿಬಿಡುತ್ತೇನೆ. ಈ ನೀತಿಶಾಸ್ತ್ರದ ಕೋರ್ಸಿನಲ್ಲಿ ಒಂದು ನಿಯಮ ಇತ್ತು: ಪ್ರಬಂಧದಲ್ಲಿ ಮೊದಲು ಎದುರು ಪಕ್ಷದ ವಾದ ಬರೆಯಬೇಕು. ಕೊಟ್ಟ ದುಡ್ಡು ವಸೂಲಾದದ್ದು ಅದೊಂದರಿಂದ. ಎರಡನೇ ಸೆಮಿಸ್ಟರ್‌ನಲ್ಲಿ ಕಾಲೇಜಿನವರೇ ಅದನ್ನ ಕೈಯಾರೆ ಹಾಳು ಮಾಡಿದರು. ಸಿಲಬಸ್, ಕ್ರೆಡಿಟ್, ಆ್ಯಪ್ ಹೇಗಿದೆ ಅನ್ನೋದೆಲ್ಲ ಇಂಥ ಕೋರ್ಸುಗಳ ಜಾಹೀರಾತಿನಲ್ಲೇ ಇರುತ್ತೆ, ಅದನ್ನ ಮತ್ತೆ ಬರೆಯಲ್ಲ. ಕಾಲೇಜಿನ ಹೆಸರೂ ಬೇಡ. ಆನ್‌ಲೈನ್‌ನಲ್ಲಿ ಎಲ್ಲೇ ನೀತಿಶಾಸ್ತ್ರ ಕಲಿಯೋಕೆ ಹೊರಟವರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಾನು ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಬಿ.ಕಾಂ. ಮುಗಿಸಿ ಬಹಳ ವರ್ಷ ಆಯ್ತು. ಜಿಎಸ್‌ಟಿ ರಿಟರ್ನ್ ಬಿಟ್ಟು ಬೇರೆ ಏನಾದರೂ ತಲೆಗೆ ಹಾಕಿಕೊಳ್ಳಬೇಕು ಅನ್ನಿಸಿತ್ತು. "ಇದರಿಂದ ಸಂಬಳ ಜಾಸ್ತಿ ಆಗುತ್ತಾ?" ಅಂತ ಮನೆಯಲ್ಲಿ ಕೇಳಿದರು. ಆಗಲ್ಲ. ಒಂದು ಸೆಮಿಸ್ಟರ್ ಫೀಸು ನನ್ನ ಅರ್ಧ ತಿಂಗಳ ಸಂಬಳದಷ್ಟು, ಅದೂ ಒಂದೇ ಸಲ ಕಟ್ಟಬೇಕು, ಕಂತು ಇಲ್ಲ. ಹಾಗಾಗಿ ಮುಂದಿನ ಮಾತೆಲ್ಲ ಸ್ವಲ್ಪ ಲೆಕ್ಕ ಹಾಕುವವಳ ಮಾತು.

ಪಾಠ ನೋಡೋದು ರಾತ್ರಿ, ಮಾಳಿಗೆ ಮೇಲೆ. ಏಪ್ರಿಲ್, ಮೇನಲ್ಲಿ ನಮ್ಮೂರಲ್ಲಿ ರಾತ್ರಿ ಹತ್ತಾದರೂ ಒಳಗಿನ ಗೋಡೆ ಮುಟ್ಟಿದರೆ ಬಿಸಿ. ಸಂಜೆಯೇ ಮಾಳಿಗೆಗೆ ನೀರು ಹಾಕಿ ತಣಿಸಿರುತ್ತೇವೆ. ಚಾಪೆ, ಒಂದು ತಂಬಿಗೆ ನೀರು, ಸೊಳ್ಳೆ ಬ್ಯಾಟು. ಫೋನನ್ನ ತಂಬಿಗೆಗೆ ಒರಗಿಸಿ ಇಡುತ್ತೇನೆ. ವಿಡಿಯೊಗಳನ್ನ ಮಧ್ಯಾಹ್ನವೇ ಮಿಲ್ಲಿನ ವೈಫೈನಲ್ಲಿ ಇಳಿಸಿಕೊಂಡಿರುತ್ತೇನೆ. ಮಾಲೀಕರಿಗೆ ಗೊತ್ತು, ಏನೂ ಅಂದಿಲ್ಲ. ಪಾಠ ಇಂಗ್ಲಿಷ್‌ನಲ್ಲಿ, ಮೇಷ್ಟ್ರು ಸ್ವಲ್ಪ ಬಿರುಸಾಗಿ ಮಾತಾಡುತ್ತಾರೆ, ಅದಕ್ಕೆ ವೇಗ ಕಮ್ಮಿ ಮಾಡಿ ಕೇಳುತ್ತೇನೆ. ಪ್ರಬಂಧ ಮಾತ್ರ ಕನ್ನಡದಲ್ಲೂ ಬರೆಯಬಹುದು. ನೋಟ್ಸಿಗೆ ಮಿಲ್ಲಿನ ಹಳೆ ಲೆಡ್ಜರ್‌ಗಳಲ್ಲಿ ಉಳಿದ ಖಾಲಿ ಹಾಳೆ. ಜಮಾ ಒಂದು ಕಡೆ, ಖರ್ಚು ಒಂದು ಕಡೆ ಅಂತ ಗೆರೆ ಮೊದಲೇ ಇರುತ್ತಲ್ಲ. ಎಡಗಡೆ ಒಬ್ಬರ ವಾದ, ಬಲಗಡೆ ಅದಕ್ಕೆ ಉತ್ತರ. ಈ ವಿಷಯಕ್ಕೆ ಇದಕ್ಕಿಂತ ಒಳ್ಳೆ ನೋಟ್‌ಬುಕ್ ಅಂಗಡಿಯಲ್ಲಿ ಸಿಗಲಿಕ್ಕಿಲ್ಲ.

ಮೊದಲ ವಾರಗಳಲ್ಲಿ ನನಗೆ ಸಿಟ್ಟೇ ಬಂದಿತ್ತು. ಪ್ರತಿ ವಿಡಿಯೊ ಮುಗಿದ ಮೇಲೆ ಕ್ವಿಜ್. ನಾಲ್ಕು ಉತ್ತರ, ಒಂದನ್ನ ಒತ್ತಿ. ನೀತಿಶಾಸ್ತ್ರಕ್ಕೆ ಎ, ಬಿ, ಸಿ, ಡಿ! ಸರಿ ಒತ್ತಿದರೆ ಪಟಾಕಿ ಹಾರೋ ಚಿತ್ರ ಬೇರೆ. ಜರ್ಮನ್ ತತ್ವಜ್ಞಾನಿ ಕಾಂಟ್‌ನ ಪಾಠದ ಕೊನೆಗೆ ಪಟಾಕಿ ಯಾಕೆ ಅಂತ ಯಾರಾದರೂ ಹೇಳಲಿ.

ಆದರೆ ಕಾಂಟ್ ಬೇಗ ಅರ್ಥ ಆದ. 1785ರ ಪುಸ್ತಕದಲ್ಲಿ ಅವನು ಕೊಡೋ ಒಂದು ಉದಾಹರಣೆ ಇದೆ. ತೀರಿಸೋದು ಆಗಲ್ಲ ಅಂತ ಗೊತ್ತಿದ್ದೂ "ಇಂಥ ದಿನ ಕೊಡ್ತೀನಿ" ಅಂತ ಮಾತು ಕೊಟ್ಟು ಸಾಲ ಕೇಳುವವನು. ಎಲ್ಲರೂ ಹಾಗೇ ಮಾಡಿದರೆ ಮಾತಿಗೆ ಬೆಲೆಯೇ ಇರಲ್ಲ, ಯಾರೂ ಯಾರಿಗೂ ಸಾಲ ಕೊಡಲ್ಲ, ಆ ಸುಳ್ಳೂ ನಡೆಯಲ್ಲ ಅನ್ನೋದು ಅವನ ವಾದ. ಉದ್ರಿ ಖಾತೆ ಬರೆಯುವವಳಿಗೆ ಇದನ್ನ ಬಿಡಿಸಿ ಹೇಳಬೇಕಾ? ಒಟ್ಟಾರೆ ಹೆಚ್ಚು ಸುಖ ಕೊಡೋದೇ ಸರಿ ಅಂದ ಇಂಗ್ಲಿಷ್ ತತ್ವಜ್ಞಾನಿ ಬೆಂಥಮ್‌ನ ಪಾಠ ಮಗಳಿಗೆ ಇಷ್ಟ ಆಯ್ತು. ಅವನ ಅಸ್ಥಿಪಂಜರಕ್ಕೆ ಅವನದೇ ಬಟ್ಟೆ ತೊಡಿಸಿ, ಮೇಣದ ತಲೆ ಇಟ್ಟು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕೂರಿಸಿದ್ದಾರೆ. ಅವನೇ ಹಾಗೆ ಬರೆದಿಟ್ಟು ಹೋಗಿದ್ದನಂತೆ. ಉಳಿದ ಪಾಠ ನಡೆಯುವಾಗ ಅವಳು ನಿದ್ದೆ ಹೋದಳು.

ಟ್ರಾಲಿ ಸಮಸ್ಯೆ ಬಗ್ಗೆ ಹೆಚ್ಚು ಹೇಳಲ್ಲ, ನೀವೆಲ್ಲ ಎಲ್ಲಾದರೂ ಕೇಳಿರುತ್ತೀರಿ. ಹಳಿ ಮೇಲೆ ಐದು ಜನ, ಪಕ್ಕದ ಹಳಿಯಲ್ಲಿ ಒಬ್ಬ. ಬಂಡಿ ತಿರುಗಿಸಬೇಕೋ ಬೇಡವೋ. ಫಿಲಿಪ್ಪಾ ಫುಟ್ 1967ರಲ್ಲಿ ಮೊದಲು ಬರೆದಾಗ ತಿರುಗಿಸಬೇಕಾದವನು ಬಂಡಿಯ ಡ್ರೈವರ್. ಹೊರಗೆ ಸ್ವಿಚ್ ಹತ್ತಿರ ನಿಂತ ದಾರಿಹೋಕನನ್ನ, ಸೇತುವೆ ಮೇಲಿನ ದಪ್ಪ ಮನುಷ್ಯನನ್ನ ಆಮೇಲೆ ತಂದವರು ಜೂಡಿತ್ ಜಾರ್ವಿಸ್ ಥಾಮ್ಸನ್. ಪಾಠ ಚೆನ್ನಾಗಿತ್ತು. ನನಗೆ ಮಾತ್ರ 2024ರ ಆಗಸ್ಟ್ 10ರ ರಾತ್ರಿ ನೆನಪಾಗುತ್ತಿತ್ತು. ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಿತ್ತು ಗೇಟೇ ಕೊಚ್ಚಿ ಹೋಯಿತು. ಒತ್ತಡ ಇಳಿಸೋಕೆ ಉಳಿದ ಗೇಟುಗಳಿಂದಲೂ ನೀರು ಬಿಟ್ಟರು. ತುಂಬಿದ ಡ್ಯಾಮು, ನಾಟಿ ಮಾಡಿ ಕೂತ ರೈತರು, ಕಣ್ಣೆದುರೇ ಹೊಳೆಗೆ ಹೋಗುತ್ತಿರೋ ನೀರು. ಅಲ್ಲಿ ನಿಂತ ಎಂಜಿನಿಯರಿಗೆ ಈ ಕಡೆ ಐದು, ಆ ಕಡೆ ಒಂದು ಅಂತ ಯಾರೂ ಬರೆದು ಕೊಟ್ಟಿರಲಿಲ್ಲ. ಟ್ರಾಲಿ ಕತೆಯಲ್ಲಿ ಏನಾಗುತ್ತೆ ಅಂತ ಎಲ್ಲ ಮೊದಲೇ ಗೊತ್ತಿರುತ್ತೆ, ಅದೇ ಅದರ ಮೋಸ.

ಈಗ ಆ ನಿಯಮಕ್ಕೆ ಬರುತ್ತೇನೆ. ಪ್ರತಿ ಪ್ರಬಂಧದ ಮೊದಲ ಮೂರನೇ ಒಂದು ಭಾಗ ಎದುರು ಪಕ್ಷಕ್ಕೆ ಮೀಸಲು. ನೀವು ಒಪ್ಪದ ವಾದವನ್ನ, ಅದನ್ನ ನಂಬಿದವರು ಓದಿ "ಹೌದು, ನಾವು ಹೇಳೋದು ಇದೇ" ಅನ್ನೋ ಹಾಗೆ ಬರೆಯಬೇಕು. ಅದು ಪಾಸಾಗದಿದ್ದರೆ ಮೇಷ್ಟ್ರು ಮುಂದಿನದನ್ನ ಓದೋದೇ ಇಲ್ಲ, ವಾಪಸ್ ಕಳಿಸುತ್ತಾರೆ. ತನ್ನ ಪಕ್ಷ ಮಾತ್ರ ಗೊತ್ತಿರುವವನಿಗೆ ತನ್ನ ಪಕ್ಷವೂ ಸರಿಯಾಗಿ ಗೊತ್ತಿರಲ್ಲ ಅಂತ ಇಂಗ್ಲಿಷ್ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1859ರ 'ಆನ್ ಲಿಬರ್ಟಿ' ಪುಸ್ತಕದಲ್ಲಿ ವಾದಿಸಿದ್ದ. ಅದನ್ನೇ ಮೇಷ್ಟ್ರು ಪ್ರಬಂಧದ ಅಂಕಕ್ಕೆ ಕಟ್ಟಿದ್ದರು.

ನ್ಯಾಯದ ಹಂಚಿಕೆ ಬಗ್ಗೆ ನಿಮ್ಮೂರಿನ ಒಂದು ಜಗಳ ತಗೊಂಡು ಬರೆಯಿರಿ ಅಂದರು. ನಮ್ಮ ಕಡೆ ಹುಡುಕೋದೇ ಬೇಡ. ತುಂಗಭದ್ರಾ ಎಡದಂಡೆ ನಾಲೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಗದ್ದೆ ತುಂಬ ಭತ್ತ. ಮಾನ್ವಿ, ಸಿರವಾರ, ರಾಯಚೂರು ಕಡೆ ಹೋಗೋಷ್ಟರಲ್ಲಿ ಗೇಜೇ, ಅಂದರೆ ನಾಲೆಯ ನೀರಿನ ಮಟ್ಟವೇ, ನಿಲ್ಲಲ್ಲ. ಯೋಜನೆ ಮಾಡಿದಾಗ ಈ ನಾಲೆ ಕೆಳಗೆ ಜಾಸ್ತಿ ಜಮೀನು ಜೋಳ, ಹತ್ತಿ, ಶೇಂಗಾದಂಥ ಕಮ್ಮಿ ನೀರಿನ ಬೆಳೆಗೆ ಅಂತ ಇತ್ತು. ಮೇಲ್ಭಾಗದಲ್ಲಿ ಭತ್ತ ಬಂತು, ಕೊನೆ ಭಾಗಕ್ಕೆ ನೀರು ತಪ್ಪಿತು. ನನ್ನ ತಮ್ಮನ ಹೊಲ ಸಿರವಾರ ತಾಲ್ಲೂಕಿನಲ್ಲಿ, ಕೊನೆ ಭಾಗ. ನನ್ನ ಸಂಬಳ ಮೇಲ್ಭಾಗದ ಭತ್ತದಿಂದ. ನಾನು ಯಾರ ಪರ ಬರೆಯುತ್ತೇನೆ ಅನ್ನೋದರಲ್ಲಿ ನನಗೆ ಅನುಮಾನ ಇರಲಿಲ್ಲ. ಆದರೆ ಮೊದಲ ಮೂರನೇ ಒಂದು ಭಾಗ?

ಮಿಲ್ಲಿಗೆ ಭತ್ತ ತರುವ ಕ್ಯಾಂಪಿನ (ನಾಲೆ ನೀರು ನಂಬಿ ಬಂದು ನೆಲೆಸಿದ ರೈತರ ಊರಿನ) ಹಿರಿಯರೊಬ್ಬರು ಇದ್ದಾರೆ. ತೂಕದ ಚೀಟಿಗೆ ಕಾಯುತ್ತ ಕೂತಿದ್ದಾಗ ಕೇಳಿದೆ. "ಯಜಮಾನ್ರೇ, ನೀವು ಭತ್ತ ಬಿಟ್ಟು ಹತ್ತಿ ಹಾಕಿದ್ರೆ ಕೆಳಗಿನವರಿಗೆ ನೀರು ಹೋಗುತ್ತಲ್ಲ?" ಅವರು ಸಿಟ್ಟಾಗಲಿಲ್ಲ. "ಮೇಡಂ, ನನ್ನ ಹೊಲದ ನಾಕೂ ಕಡಿ ಭತ್ತ ಐತಿ. ನಡುವ ನಾ ಒಬ್ಬಾವ ಹತ್ತಿ ಹಾಕಿದ್ರ ಪಕ್ಕದ ಗದ್ದಿ ನೀರು ಬಸಿದು ಬೇರು ಕೊಳೀತಾವ್ರಿ. ನಮ್ಮಪ್ಪ ಮಡಿ ಕಟ್ಟುವಾಗ ಯಾರೂ ಬ್ಯಾಡ ಅನ್ಲಿಲ್ಲ. ಬ್ಯಾಂಕಿನವ್ರು ಭತ್ತಕ್ಕಂತ ಸಾಲ ಕೊಟ್ರು, ಸರ್ಕಾರ ಬೆಂಬಲ ಬೆಲಿ ಕೊಡ್ತು. ಈಗ ನಾ ಕಳ್ಳ ಆದ್ನೇನ್ರಿ?"

ಅವರ ಮಾತನ್ನ ಇದ್ದ ಹಾಗೇ ಬರೆದೆ. ಅದರ ಮೇಲೆ ಬೆಂಥಮ್‌ನ ಲೆಕ್ಕ ಹಾಕಿದೆ. ಒಟ್ಟು ಲಾಭ ಎಷ್ಟು ಅಂತ ಮಾತ್ರ ನೋಡಿದರೆ, ನೀರು ದೂರ ಹೋದಷ್ಟೂ ದಾರಿಯಲ್ಲಿ ಇಂಗಿ, ಆವಿಯಾಗಿ ನಷ್ಟ ಜಾಸ್ತಿ. ಹಾಗಾದರೆ ಹತ್ತಿರದಲ್ಲೇ ಬಳಸಿಕೊಳ್ಳಲಿ ಅನ್ನೋ ವಾದವೂ ಗಟ್ಟಿಯಾಗೇ ನಿಲ್ಲುತ್ತೆ. ಇದನ್ನ ಟೈಪ್ ಮಾಡುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ಆಮೇಲೆ ನನ್ನ ಪಕ್ಷ. ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಹೇಳಿದ ಉಪಾಯ: ನೀವು ಯಾರಾಗಿ ಹುಟ್ಟುತ್ತೀರಿ ಅಂತ ಗೊತ್ತಿಲ್ಲದೇ ನಿಯಮ ಮಾಡಿ. ನಿಮ್ಮ ಹೊಲ ನಾಲೆಯ ಯಾವ ಮೈಲಿಯಲ್ಲಿ ಬೀಳುತ್ತೆ ಅಂತ ಗೊತ್ತಿಲ್ಲದಿದ್ದರೆ ಎಷ್ಟು ಜನ ಮೇಲ್ಭಾಗದಲ್ಲಿ ಎರಡು ಬೆಳೆ ಭತ್ತ ಇರಲಿ ಅಂತ ಕೈ ಎತ್ತುತ್ತಾರೆ?

ಕರಡನ್ನ ತಮ್ಮನಿಗೆ ಕಳಿಸಿದೆ. ಮೊದಲ ಭಾಗ ಓದಿ ಅಲ್ಲಿಗೇ ಫೋನ್ ಮಾಡಿದ. "ಅಕ್ಕಾ, ನೀ ಯಾರ ಕಡಿ?" ಪೂರ್ತಿ ಓದೋ ಮಾರಾಯ ಅಂದೆ. ಓದಿದ. ಆಮೇಲೆ ಅವನೇ ಹೇಳಿದ, ಬೇರು ಕೊಳೆಯೋ ಮಾತು ಖರೇ ಐತಿ, ಅದಕ್ಕೆ ಒಬ್ಬೊಬ್ಬರಿಗೇ ಬ್ಯಾಡ ಅಂದ್ರ ಆಗಲ್ಲ, ಒಂದು ಉಪಕಾಲುವೆ ಕೆಳಗಿನ ಎಲ್ಲರೂ ಒಟ್ಟಿಗೇ ಬೆಳೆ ಬದಲಿಸಬೇಕು ಅಂತ. ಅದು ನನ್ನ ಪ್ರಬಂಧದಲ್ಲಿ ಇರಲಿಲ್ಲ. ಸೇರಿಸಿದೆ.

ಮೇಷ್ಟ್ರ ಟಿಪ್ಪಣಿ ಬಂದಾಗ ಹಾಳೆ ಪೂರ್ತಿ ಕೆಂಪು. ಯಜಮಾನರ ವಾದದ ಪಕ್ಕ ಬರೆದಿದ್ದರು: "ಸುತ್ತ ಗದ್ದೆ ಇರುವವನಿಗೆ ಇದು ಸರಿ. ನಾಲೆಗೆ ಪಂಪು ಇಟ್ಟು ಹೊಸದಾಗಿ ನೀರು ಎತ್ತುವವನಿಗೂ ಇದೇ ರಕ್ಷಣೆ ಸಿಗಬೇಕೇ? ಬೇರ್ಪಡಿಸಿ." ನಾನು ಅಚ್ಚುಕಟ್ಟಿನ ಹಳೆ ರೈತರನ್ನೂ ಅಕ್ರಮ ನೀರಾವರಿಯವರನ್ನೂ ಒಂದೇ ಗಂಟಿಗೆ ಕಟ್ಟಿದ್ದೆ. ಮಿಲ್ಲಿನಲ್ಲಿ ಮಾತಾಡುವವರೂ ಹಾಗೇ ಕಟ್ಟುತ್ತಾರೆ, ಹಳ್ಳಿಯಲ್ಲೂ ಹಾಗೇ. ಇಷ್ಟು ವರ್ಷದಲ್ಲಿ ಈ ಜಗಳದ ಬಗ್ಗೆ ನನಗೆ ಸಿಕ್ಕ ಅತಿ ಉಪಯೋಗದ ಪ್ರಶ್ನೆ ಅದು. ಅರ್ಧ ತಿಂಗಳ ಸಂಬಳ ಅಲ್ಲೇ ವಸೂಲು.

ಸಿಲಬಸ್ ಬಗ್ಗೆ ಒಂದು ತಕರಾರು ಇದೆ. ಗ್ರೀಸಿನಿಂದ ಶುರುವಾಗಿ ಅಮೆರಿಕದಲ್ಲಿ ಮುಗಿಯುತ್ತೆ. ನಡುವೆ ಗೀತೆಗೆ ಒಂದು ವಾರ. ವಚನಕಾರರು ಇಲ್ಲವೇ ಇಲ್ಲ. 1915ರಲ್ಲಿ ಅಶೋಕನ ಹೆಸರಿದ್ದ ಶಾಸನ ಸಿಕ್ಕಿದ ಮಸ್ಕಿ ನಮಗೆ ಪಕ್ಕದಲ್ಲೇ ಇದೆ. ಧರ್ಮದ ದಾರಿ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಾಧ್ಯ ಅಂತ ಬಂಡೆ ಮೇಲೆ ಕೆತ್ತಿಸಿದ್ದಾನೆ. ಅದೂ ನೀತಿಶಾಸ್ತ್ರವೇ ಅಲ್ವಾ? ಜಾನ್ ಸ್ಟುವರ್ಟ್ ಮಿಲ್ ಬಗ್ಗೆಯೂ ಅರ್ಧ ಮಾತ್ರ ಹೇಳುತ್ತಾರೆ. ಸ್ವಾತಂತ್ರ್ಯದ ಬಗ್ಗೆ ಅಷ್ಟು ಬರೆದ ಮನುಷ್ಯ 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ನೌಕರ. ಕೃಷ್ಣಾ, ತುಂಗಭದ್ರಾ ನಡುವಿನ ನಮ್ಮ ರಾಯಚೂರು ದೋಆಬ್ 1853ರಲ್ಲಿ ನಿಜಾಮರ ಕೈಯಿಂದ ಇಂಗ್ಲಿಷರ ಆಡಳಿತಕ್ಕೆ ಹೋಗಿ 1860ರಲ್ಲಿ ವಾಪಸ್ ಬಂತು. ಅಂದರೆ ಅವನು ಲಂಡನ್ನಿನಲ್ಲಿ ಮೇಜಿಗೆ ಕೂತು ಸಂಬಳ ಎಣಿಸುತ್ತಿದ್ದ ಕಾಲದಲ್ಲಿ ನಮ್ಮೂರೂ ಅವನ ಕಂಪನಿಯ ಕೈಕೆಳಗೆ. ಸ್ವಾತಂತ್ರ್ಯ ಅನ್ನೋದು ಇನ್ನೂ "ಬೆಳೆಯದ" ಜನಾಂಗಗಳಿಗೆ ಅಲ್ಲ ಅಂತ 1859ರ ಅದೇ ಪುಸ್ತಕದಲ್ಲಿ ಅವನು ಬರೆದಿರೋದು ಪಾಠದಲ್ಲಿ ಬರಲೇ ಇಲ್ಲ. ನಾನೇ ಓದಿಕೊಂಡೆ.

ಇಷ್ಟಾದರೂ ಖುಷಿಯಿಂದಲೇ ಎರಡನೇ ಸೆಮಿಸ್ಟರ್‌ಗೆ ಫೀಸು ಕಟ್ಟಿದೆ. ಫೀಸು ಅಷ್ಟೇ, ಪಾಠ ಅದೇ ಮಟ್ಟದ್ದು. ಆದರೆ ಮೇಷ್ಟ್ರು ಪ್ರಬಂಧ ಓದೋದು ನಿಂತಿತು. ಅದರ ಬದಲು ಸಹಪಾಠಿಗಳ ಮೌಲ್ಯಮಾಪನ ಅಂತ ತಂದರು. ನಿಮ್ಮ ಪ್ರಬಂಧ ಮೂರು ಜನ ವಿದ್ಯಾರ್ಥಿಗಳಿಗೆ ಹೋಗುತ್ತೆ, ಅವರು ನಕ್ಷತ್ರ ಒತ್ತುತ್ತಾರೆ, ಕೆಳಗಿನ ಡಬ್ಬಿಯಲ್ಲಿ ಏನಾದರೂ ಬರೆಯಬೇಕು. ಕಣ್ಣೆದುರು ಕೊಳದಲ್ಲಿ ಮುಳುಗುತ್ತಿರುವ ಮಗುವನ್ನ ಎತ್ತುವವರು ದೂರದಲ್ಲಿ ಹಸಿದವರಿಗೆ ಯಾಕೆ ದುಡ್ಡು ಕಳಿಸಲ್ಲ ಅಂತ ತತ್ವಜ್ಞಾನಿ ಪೀಟರ್ ಸಿಂಗರ್ 1972ರಲ್ಲಿ ಕೇಳಿದ್ದರು. ಬಾಂಗ್ಲಾ ನಿರಾಶ್ರಿತರು ಲಕ್ಷಗಟ್ಟಲೆ ಬರುತ್ತಿದ್ದ ಹೊತ್ತಿನಲ್ಲಿ ಬರೆದದ್ದು. ಅದರ ಮೇಲಿನ ನನ್ನ ಪ್ರಬಂಧಕ್ಕೆ ನಾನು ಮಾಳಿಗೆ ಮೇಲೆ ಸುಮಾರು ರಾತ್ರಿ ಕೂತೆ. ಬಂದ ಟಿಪ್ಪಣಿ: "ಸೂಪರ್ ಮೇಡಂ." ಇನ್ನೊಬ್ಬರದು ಹೆಬ್ಬೆರಳ ಚಿತ್ರ. ಮೂರನೆಯವರು ಬರೀ ಚುಕ್ಕಿ ಇಟ್ಟಿದ್ದರು, ಡಬ್ಬಿ ಖಾಲಿ ಬಿಟ್ಟರೆ ಆ್ಯಪ್ ಮುಂದೆ ಹೋಗಲ್ಲವಲ್ಲ, ಅದಕ್ಕೆ.

ಅಷ್ಟರಲ್ಲಿ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಒಪ್ಪಂದ ಆಯ್ತು. ನೀವು ನಮಗೆ ಐದು ನಕ್ಷತ್ರ ಹಾಕಿ, ನಾವು ನಿಮಗೆ ಹಾಕ್ತೀವಿ. ನೀತಿಶಾಸ್ತ್ರದ ಕ್ಲಾಸಿನಲ್ಲಿ! ಎಲ್ಲರಿಗೂ ಐದು ಬಂದ ಮೇಲೆ ಐದಕ್ಕೆ ಏನು ಬೆಲೆ? ಕಾಂಟ್‌ನ ಸಾಲದ ಉದಾಹರಣೆ ಓದಿ ಕ್ವಿಜ್‌ನಲ್ಲಿ ಪಟಾಕಿ ಹಾರಿಸಿಕೊಂಡವರೇ ಇವರೆಲ್ಲ. ಎದುರು ಪಕ್ಷದ ನಿಯಮ ಕಾಗದದಲ್ಲಿ ಇನ್ನೂ ಇದೆ. ಅದನ್ನ ಪಾಲಿಸಿದರೋ ಇಲ್ಲವೋ ಅಂತ ನೋಡುವವರೇ ಇಲ್ಲ. ಕಾಲೇಜಿಗೆ ಬರೆದೆ. ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಾಗಿದೆ, ನಿಮ್ಮ ಸಲಹೆ ಗಮನಿಸಲಾಗಿದೆ ಅಂತ ಉತ್ತರ ಬಂತು. ವಿದ್ಯಾರ್ಥಿಗಳು ಜಾಸ್ತಿ ಆದರೆ ಫೀಸೂ ಜಾಸ್ತಿ ಬಂದಿರುತ್ತಲ್ಲ, ಅದರಲ್ಲಿ ಇನ್ನೊಬ್ಬ ಮೇಷ್ಟ್ರನ್ನ ಇಟ್ಟುಕೊಳ್ಳಬಹುದಿತ್ತು. ಲೆಕ್ಕ ಬರೆಯುವವಳಿಗೆ ಇಷ್ಟಾದರೂ ಗೊತ್ತಾಗುತ್ತೆ.

ಹಾಗಾಗಿ ಮೊದಲ ಸೆಮಿಸ್ಟರ್‌ಗೆ ನಾಲ್ಕೂವರೆ ನಕ್ಷತ್ರ, ಅರ್ಧ ಕಳೆದದ್ದು ಪಟಾಕಿಗೆ. ಎರಡನೆಯದಕ್ಕೆ ಎರಡು, ಅದೂ ವಿಡಿಯೊಗಳಿಗಾಗಿ. ಮೂರನೇ ಸೆಮಿಸ್ಟರ್‌ಗೆ ನಾನು ಫೀಸು ಕಟ್ಟುತ್ತಿಲ್ಲ. ಹಳೆ ಬ್ಯಾಚಿನ ನಾವು ಕೆಲವರು ಪ್ರಬಂಧಗಳನ್ನ ನಮ್ಮ ನಮ್ಮಲ್ಲೇ ಕಳಿಸಿಕೊಂಡು ಹಳೆ ನಿಯಮದಲ್ಲೇ ತಿದ್ದುತ್ತಿದ್ದೇವೆ. ಕಳೆದ ವಾರ ಒಬ್ಬರು ನನ್ನದನ್ನ ಮೊದಲ ಪ್ಯಾರಾದಿಂದಲೇ ವಾಪಸ್ ಕಳಿಸಿದರು. ಇದಕ್ಕೆ ಖರ್ಚಿಲ್ಲ, ಸರ್ಟಿಫಿಕೇಟೂ ಇಲ್ಲ.

ಸೇರಬೇಕು ಅನ್ನುವವರು ಫೀಸು ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ: ನಾನು ಬರೆದದ್ದನ್ನ ಓದಿ ತಿದ್ದುವವರು ಯಾರು? "ಸಿಸ್ಟಮ್" ಅಂತ ಉತ್ತರ ಬಂದರೆ ಬಿಡಿ. ಇನ್ನೊಂದು, ಮಿಲ್ಲು, ಜಿನ್ನಿಂಗ್ ಫ್ಯಾಕ್ಟರಿ ಕೆಲಸದವರು ಜುಲೈ ಬ್ಯಾಚ್ ಸೇರಬೇಡಿ. ಪರೀಕ್ಷೆ ಡಿಸೆಂಬರ್‌ನಲ್ಲಿ ಬೀಳುತ್ತೆ, ಆಗ ಭತ್ತದ ಲೋಡು ಗೇಟಿನ ಹೊರಗೆ ಸಾಲು ನಿಂತಿರುತ್ತೆ, ರಜೆ ಕೇಳೋ ಹಾಗೇ ಇಲ್ಲ. ಜನವರಿ ಬ್ಯಾಚ್ ನೋಡಿ.